ಬೆಟ್ಟದ ಮೇಲಿನ ಹಳೇ ಮನೆನ ಅತಿಥಿಗಳಿಗೆ ಅಂತ ರೆಡಿ ಮಾಡ್ತಿದೀವಿ, ಯಾವ್ದರಿಂದ ಶುರು ಮಾಡೋದು?

ಮಂಜಿನಮನೆ:

ಎಲ್ರಿಗೂ ನಮಸ್ಕಾರ. ನಮ್ದೊಂದು ಹಳೇ ಕಲ್ಲಿನ ಮನೆ ಇದೆ, ಸುಮಾರು 1600 ಮೀಟರ್ ಎತ್ತರದಲ್ಲಿ, ಬೆಟ್ಟದ ಇಳಿಜಾರಿಗೆ ಬೆನ್ನು ಕೊಟ್ಕೊಂಡು ನಿಂತಿರೋ ಮನೆ. ಅಜ್ಜ ಕಟ್ಟಿಸಿದ್ದು. ಈ ಹತ್ತು ವರ್ಷದಲ್ಲಿ ವರ್ಷಕ್ಕೆ ಒಂದ್ಸಲ ಹೋಗಿ ಗುಡಿಸಿ ಬಂದಿದ್ದು ಬಿಟ್ರೆ ಯಾರೂ ಇದ್ದಿದ್ದಿಲ್ಲ. ಈಗ ನಾನೂ ನನ್ನ ಹೆಂಡ್ತಿನೂ ಅದನ್ನ ಸರಿ ಮಾಡಿ ರಜೆಗೆ ಬರೋರಿಗೆ ಕೊಡೋಣ ಅಂತ ಹೊರಟಿದೀವಿ. ಮೂರು ಮಲಗೋ ಕೋಣೆ, ಒಂದು ದೊಡ್ಡ ಹಾಲ್, ಎರಡು ಬಾತ್‌ರೂಮ್, ಮುಂದೆ ಮರದ ಜಗಲಿ. ಜಗಲಿ ಮೇಲೆ ನಿಂತ್ರೆ ಕಣಿವೆ ಪೂರ್ತಿ ಕಾಣುತ್ತೆ.

ಮೊದ್ಲು ನಾವು ಯೋಚನೆ ಮಾಡಿದ್ದೆಲ್ಲ ಅಂದ ಚಂದದ್ದೇ. ಗೋಡೆಗೆ ವಾಲ್‌ಪೇಪರ್, ಮೇಲೆ ಫಾಲ್ಸ್ ಸೀಲಿಂಗ್, ಹೊಸ ಸೋಫಾ, ದೊಡ್ಡ ದೊಡ್ಡ ಪರದೆ. ದುಡ್ಡಿನಲ್ಲಿ ಅರ್ಧದಷ್ಟು ಅದಕ್ಕೇ ತೆಗೆದಿಟ್ಟಿದ್ವಿ. ಆದ್ರೆ ಹೋದ ವಾರ ಹೋಗಿ ಸಾಮಾನೆಲ್ಲ ಈಚೆಗೆ ಎಳೆದು ನೋಡಿದ್ರೆ ಉತ್ತರದ ಕೋಣೆ ಗೋಡೆ ಮೇಲೆ ಕಪ್ಪು ಕಪ್ಪು ಕಲೆ, ಬೀರು ಹಿಂದೆ ಬೂಷ್ಟು, ಹಾಸಿಗೆ ಮುಟ್ಟಿದ್ರೆ ತಣ್ಣಗೆ ಒದ್ದೆ ಒದ್ದೆ, ಬಾಗಿಲು ತೆಗೆದ ತಕ್ಷಣ ಒಂಥರಾ ಮುಗ್ಗಲು ವಾಸನೆ. ಗೋಡೆ ಕೆಳಗಡೆ ಬಣ್ಣ ಹಪ್ಪಳದ ಹಾಗೆ ಎದ್ದಿದೆ. ಅಜ್ಜನ ಕಾಲದಲ್ಲಿ ಹೀಗಿರ್ಲಿಲ್ಲ ಅಂತ ಅಮ್ಮ ಹೇಳ್ತಾರೆ, ನಡುವೆ ಒಂದ್ಸಲ ಯಾರೋ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ರಂತೆ.

ನಮ್ಮ ಹತ್ರ ನಾಲ್ಕೈದು ತಿಂಗಳು ಟೈಮ್ ಇದೆ, ಎಲ್ಲಾ ಒಟ್ಟಿಗೆ ಮಾಡೋಷ್ಟು ದುಡ್ಡಿಲ್ಲ. ವಾಟರ್‌ಪ್ರೂಫ್ ಪೇಂಟ್ ಹೊಡೆದು ಮುಂದೆ ಹೋಗೋದಾ, ಇಲ್ಲಾ ಮೊದ್ಲು ಬೇರೆ ಏನಾದ್ರೂ ನೋಡ್ಬೇಕಾ? ಇಂಥ ಮನೆ ಮಾಡಿದವ್ರು ದಯವಿಟ್ಟು ಹೇಳಿ.

ಸುಣ್ಣದಗೋಡೆ:

ದಯವಿಟ್ಟು ಆ ಪೇಂಟ್ ಹೊಡೀಬೇಡಿ. ಕಲ್ಲಿನ ಗೋಡೆ ಕೆಳಗಿಂದ ಸ್ವಲ್ಪ ನೀರು ಎಳ್ಕೊಳ್ಳೋದು ಸಹಜ, ಹಳೇ ಕಾಲದ ಸುಣ್ಣದ ಗಾರೆ ಅದನ್ನ ನಿಧಾನವಾಗಿ ಗಾಳಿಗೆ ಬಿಟ್ಕೊಡ್ತಿತ್ತು, ಅದಕ್ಕೇ ಅಜ್ಜನ ಕಾಲದಲ್ಲಿ ಗೋಡೆ ಒಣಗಿತ್ತು. ಸಿಮೆಂಟ್ ಮೆತ್ತಿದ್ಮೇಲೆ ಆ ದಾರಿ ಮುಚ್ಚೋಯ್ತು, ನೀರು ಒಳಗೇ ನಿಂತು ಬಣ್ಣನ ತಳ್ತಾ ಇದೆ. ಅದ್ರ ಮೇಲೆ ಇನ್ನೊಂದು ಪದರ ವಾಟರ್‌ಪ್ರೂಫ್ ಅಂತ ಹೊಡೆದ್ರೆ ನೀರು ಇನ್ನೂ ಮೇಲಕ್ಕೆ ಹತ್ತುತ್ತೆ ಅಷ್ಟೇ. ನಾನು ನಮ್ಮನೇಲಿ ಇದೇ ತಪ್ಪು ಮಾಡಿ ಒಂದು ಮಳೆಗಾಲ ಮುಗಿಯೋಷ್ಟ್ರಲ್ಲಿ ಎಲ್ಲಾ ಕೆರೆದು ತೆಗೀಬೇಕಾಯ್ತು, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಮೊದ್ಲು ನೀರು ಎಲ್ಲಿಂದ ಬರ್ತಿದೆ ಅಂತ ಪತ್ತೆ ಮಾಡಿ. ಒಂದೊಂದು ಅಡಿ ಅಗಲದ ಅಲ್ಯೂಮಿನಿಯಂ ಫಾಯಿಲ್ ತಗೊಂಡು, ಗೋಡೆ ಕೆಳಗೆ ಒಂದು, ಮೇಲೆ ಒಂದು, ನಾಲ್ಕೂ ಅಂಚು ಟೇಪ್ ಹಾಕಿ ಗಾಳಿ ಆಡದ ಹಾಗೆ ಅಂಟಿಸಿ ಎರಡು ದಿನ ಬಿಡಿ. ಫಾಯಿಲ್ ಹಿಂದೆ, ಅಂದ್ರೆ ಗೋಡೆ ಕಡೆ ಒದ್ದೆ ಆದ್ರೆ ನೀರು ಗೋಡೆಯಿಂದ ಬರ್ತಿದೆ. ಮುಂದೆ, ಕೋಣೆ ಕಡೆ ಒದ್ದೆ ಆದ್ರೆ ಅದು ಕೋಣೆ ಗಾಳಿಯಲ್ಲಿರೋ ತೇವ ತಣ್ಣನೆ ಗೋಡೆ ಮೇಲೆ ಕೂರ್ತಿರೋದು. ಎರಡಕ್ಕೂ ಔಷಧಿ ಬೇರೆ ಬೇರೆ.

ಇನ್ನೊಂದು, ಮನೆ ಹಿಂದೆ ಹೋಗಿ ನೋಡಿ. ಇಳಿಜಾರಿನ ಮನೆಗಳಲ್ಲಿ ವರ್ಷ ವರ್ಷ ಮಣ್ಣು ಜಾರಿ ಬಂದು ಹಿಂದಿನ ಗೋಡೆಗೆ ಆನ್ಕೊಂಡಿರುತ್ತೆ, ಹೊರಗಿನ ನೆಲ ಒಳಗಿನ ನೆಲಕ್ಕಿಂತ ಎತ್ತರ ಆಗಿರುತ್ತೆ. ಹಾಗಿದ್ರೆ ಒಳಗೆ ಏನೇ ಮಾಡಿದ್ರೂ ಗೋಡೆ ಒಣಗಲ್ಲ. ಆ ಮಣ್ಣು ತೆಗೆಸಿ, ಮನೆಯಿಂದ ಆಚೆಗೆ ಮೊದಲ 10 ಅಡಿಗೆ ಕನಿಷ್ಠ ಅರ್ಧ ಅಡಿ ಇಳಿಜಾರು ಬರೋ ಹಾಗೆ ನೆಲ ಮಾಡ್ಸಿ. ಬೆಟ್ಟದ ಕಡೆಯಿಂದ ನೀರು ಇಳಿದು ಬರೋ ಜಾಗದಲ್ಲಿ ಒಂದು ಕಾಲುವೆ ತೋಡಿ, ತೂತಿರೋ ಪೈಪ್ ಇಟ್ಟು, ಸುತ್ತ ಜಲ್ಲಿ ತುಂಬಿ, ನೀರನ್ನ ಮನೆ ಪಕ್ಕದಿಂದ ಕೆಳಕ್ಕೆ ಬಿಡ್ಬೇಕು. ತಡೆಗೋಡೆ ಇದ್ರೆ ಅದರಲ್ಲಿ ನೀರು ಈಚೆ ಬರೋ ತೂತುಗಳು ಮುಚ್ಚೋಗಿದಾವಾ ನೋಡಿ, ಮುಚ್ಚಿದ್ರೆ ತಡೆಗೋಡೆಗೇ ಅಪಾಯ. ಈ ಕೆಲ್ಸ ಫೋಟೋದಲ್ಲಿ ಕಾಣಲ್ಲ, ಯಾವ ಅತಿಥಿನೂ ಹೊಗಳಲ್ಲ, ಆದ್ರೂ ನಿಮ್ಮ ದುಡ್ಡಿನ ಮೊದಲ ಪಾಲು ಇದಕ್ಕೇ ಹೋಗ್ಲಿ.

ಹೊಸ್ತಿಲು:

ನೀವಿಬ್ರೂ ಒಂದೊಂದು ಬ್ಯಾಗ್ ಹಿಡ್ಕೊಂಡು ಹೋಗಿ ಆ ಮನೇಲಿ ಎರಡು ರಾತ್ರಿ ಅತಿಥಿಗಳ ಥರ ಮಲ್ಗಿ. ಬೀರುಲಿರೋ ನಿಮ್ಮ ಹಳೇ ಸ್ವೆಟರ್ ಮುಟ್ಬೇಡಿ, ಟಾರ್ಚ್ ಎಲ್ಲಿದೆ ಅಂತ ಗೊತ್ತಿದ್ರೂ ಗೊತ್ತಿಲ್ಲ ಅನ್ಕೊಳ್ಳಿ, ಮೂರೂ ಕೋಣೆಲಿ ಒಂದೊಂದು ಸಲ ಮಲ್ಗಿ ಏಳಿ.

ನಾವು ಹಾಗೆ ಮಾಡಿದಾಗ ಗೊತ್ತಾಗಿದ್ದು: ಬ್ಯಾಗ್ ಇಡೋಕೆ ಜಾಗ ಇಲ್ಲ, ಒದ್ದೆ ಜಾಕೆಟ್ ನೇತು ಹಾಕೋಕೆ ಒಂದು ಮೊಳೆ ಇಲ್ಲ, ಹಾಸಿಗೆಯಿಂದ ಎದ್ದು ಚಳಿಲಿ ನಡ್ಕೊಂಡು ಹೋಗಿ ಲೈಟ್ ಆರಿಸ್ಬೇಕು, ಬಾತ್‌ರೂಮ್‌ಗೆ ಹೋಗೋ ದಾರಿಲಿ ಕತ್ತಲಲ್ಲಿ ಒಂದು ಮೆಟ್ಟಿಲು ಕಾಲಿಗೆ ಸಿಗುತ್ತೆ. ಅದು ನಮಗೆ ಚಿಕ್ಕಂದಿನಿಂದ ಗೊತ್ತಿರೋ ಮೆಟ್ಟಿಲು, ಕಾಲು ತಾನೇ ಎತ್ತಿಡುತ್ತೆ. ಹೊಸಬರು ಬಿದ್ದೇ ಬೀಳ್ತಾರೆ. ಅಲ್ಲೊಂದು ಸಣ್ಣ ರಾತ್ರಿ ದೀಪ ಹಾಕಿದ್ವಿ.

ಕಂಬಹತ್ತುವವ:

ನಾನು ವೈರಿಂಗ್ ಕೆಲ್ಸದವನು. ಬಣ್ಣ ಪರದೆ ಎಲ್ಲ ನೀವು ಯಾವಾಗ ಬೇಕಾದ್ರೂ ಬದಲಾಯಿಸ್ಬಹುದು, ನಾನು ಹೇಳೋದು ಜೀವದ ವಿಷ್ಯ, ಇದನ್ನ ಮುಂದಕ್ಕೆ ಹಾಕ್ಬೇಡಿ.

ಬಾತ್‌ರೂಮ್ ಒಳಗೆ ಗ್ಯಾಸ್ ಗೀಸರ್ ಇದ್ರೆ ಇವತ್ತೇ ತೆಗೆಸಿ ಹೊರಗಡೆ ಹಾಕ್ಸಿ. ಚಳಿ ಜಾಗದಲ್ಲಿ ಎಲ್ರೂ ಕಿಟಕಿ ಬಿಗಿಯಾಗಿ ಮುಚ್ಕೊಂಡೇ ಸ್ನಾನ ಮಾಡೋದು. ಗಾಳಿ ಸಾಲದೆ ಗ್ಯಾಸ್ ಸರಿಯಾಗಿ ಉರಿಯದಿದ್ರೆ ಕಾರ್ಬನ್ ಮಾನಾಕ್ಸೈಡ್ ಬರುತ್ತೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ರಕ್ತದಲ್ಲಿ ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಗಟ್ಟಿಯಾಗಿ ಅಂಟ್ಕೊಳ್ಳುತ್ತೆ. ತಲೆ ಸುತ್ತು ಬಂತು ಅನ್ನೋಷ್ಟ್ರಲ್ಲಿ ಬಾಗಿಲು ತೆಗೆಯೋ ಶಕ್ತಿನೂ ಉಳಿದಿರಲ್ಲ. ಕೋಣೆ ಒಳಗೆ ಕೆಂಡ ಇಟ್ಕೊಂಡು ಮಲಗೋದೂ ಅಷ್ಟೇ ಅಪಾಯ, ಅತಿಥಿಗಳಿಗೆ ಬರೆದೇ ಹಾಕಿ. ಬೆಂಕಿ ಉರಿಸೋ ಯಾವ್ದೇ ಒಲೆ ಮನೇಲಿದ್ರೂ ಮಲಗೋ ಕೋಣೆ ಹತ್ರ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರ್ಲೇಬೇಕು, ಹೊಗೆ ಅಲಾರಂ ಬೇರೆ, ಇದು ಬೇರೆ.

ಹಳೇ ವೈರಿಂಗ್ ಒಂದೆರಡು ಬಲ್ಬಿಗೆ ಅಂತ ಹಾಕಿರೋದು. ನೀವು ಈಗ ಹೀಟರ್, ಗೀಸರ್, ಕೆಟಲ್ ಎಲ್ಲ ಅದಕ್ಕೇ ಸಿಗಿಸಿದ್ರೆ ವೈರ್ ಕಾಯುತ್ತೆ. ಹೀಟರ್ ಪಾಯಿಂಟ್‌ಗಳಿಗೆ ಬೇರೆ ಲೈನ್ ಎಳೆಸಿ, 30 ಮಿಲಿಆಂಪ್ ಸೋರಿಕೆಗೆ ಕಟ್ ಆಗೋ ಬ್ರೇಕರ್ ಹಾಕ್ಸಿ, ಅರ್ಥಿಂಗ್ ಅಳತೆ ಮಾಡ್ಸಿ. ಬೆಟ್ಟದ ಮೇಲೆ ಸಿಡಿಲಿನ ಕಾಟ ಜಾಸ್ತಿ, ಮೇನ್ ಬೋರ್ಡ್‌ನಲ್ಲಿ ಸರ್ಜ್ ಪ್ರೊಟೆಕ್ಟರ್, ಅಂದ್ರೆ ಲೈನಲ್ಲಿ ದಿಢೀರ್ ಏರೋ ವೋಲ್ಟೇಜ್ ತಡೆಯೋ ಸಾಧನ, ಇರ್ಲಿ.

ಜಗಲಿ ಕಟಕಟೆನೂ ನೋಡಿ. ಹಳೇ ಮನೆಗಳಲ್ಲಿ ಕಂಬಿ ಕಂಬಿ ನಡುವೆ ಮಗು ತೂರೋಷ್ಟು ಜಾಗ ಇರುತ್ತೆ. 10 ಸೆಂಟಿಮೀಟರ್‌ಗಿಂತ ಕಮ್ಮಿ ಇರ್ಬೇಕು, ಎತ್ತರ ಒಂದು ಮೀಟರ್ ಆದ್ರೂ ಇರ್ಲಿ, ಕೆಳಗೆ ಕಣಿವೆ ಅಂತ ನೀವೇ ಹೇಳಿದೀರಿ.

ಮಂಜಿನಮನೆ:

ತುಂಬಾ ತುಂಬಾ ಥ್ಯಾಂಕ್ಸ್. ಈ ಶನಿವಾರ ಹೋಗಿ ಫಾಯಿಲ್ ಅಂಟಿಸಿ ಎರಡು ರಾತ್ರಿ ಅಲ್ಲೇ ಇದ್ದು ಬಂದ್ವಿ. ಕೆಳಗಿನ ಫಾಯಿಲ್ ಗೋಡೆ ಕಡೆ ಪೂರ್ತಿ ಒದ್ದೆ, ಮೇಲಿಂದು, ಬೀರು ಇದ್ದ ಮೂಲೆದು, ಕೋಣೆ ಕಡೆ ಒದ್ದೆ! ಅಂದ್ರೆ ಎರಡೂ ಇದೆ ಅಂತಾಯ್ತು. ಹಿಂದೆ ಹೋಗಿ ಅಳೆದ್ರೆ ಮಣ್ಣು ಒಳಗಿನ ನೆಲಕ್ಕಿಂತ ಒಂದೂವರೆ ಅಡಿ ಮೇಲಿದೆ, ಅದ್ರ ಮೇಲೆ ಗಿಡ ಬೆಳೆದು ನಮಗೆ ಗೊತ್ತೇ ಆಗಿರ್ಲಿಲ್ಲ.

ರಾತ್ರಿ ಚಳಿ ತಡೆಯೋಕಾಗ್ಲಿಲ್ಲ. ತಗಡಿನ ಚಾವಣಿ, ಕೆಳಗೆ ಏನೂ ಇಲ್ಲ. ಬೆಳಿಗ್ಗೆ ತಗಡಿನ ಒಳಗಡೆಯಿಂದ ನೀರು ತೊಟ್ಟಿಕ್ತಿತ್ತು, ಸೋರ್ತಿದೆ ಅನ್ಕೊಂಡ್ವಿ, ಆದ್ರೆ ಮಳೆನೇ ಬಂದಿರ್ಲಿಲ್ಲ. ಹಾಲ್‌ನಲ್ಲಿ ಒಂದು ಸೌದೆ ಸ್ಟವ್ ಹಾಕೋಣ ಅಂತ ಆಸೆ ಇದೆ. ಮರದ ಕೆಲ್ಸ ಗೊತ್ತಿರೋರು ಚಾವಣಿ ಬಗ್ಗೆನೂ ಹೇಳಿ. ಗೀಸರ್ ಒಳಗೇ ಇತ್ತು, ಕಳಚಿ ಇಟ್ಟು ಬಂದಿದೀವಿ.

ಉಳಿಸುತ್ತಿಗೆ:

ತಗಡು ರಾತ್ರಿ ತಣ್ಣಗಾಗುತ್ತೆ, ನಿಮ್ಮ ಉಸಿರಿನ ತೇವ, ಸ್ನಾನದ ಹಬೆ ಎಲ್ಲ ಮೇಲೆ ಹೋಗಿ ಅಲ್ಲಿ ನೀರಾಗುತ್ತೆ, ಅದೇ ತೊಟ್ಟಿಕ್ಕಿದ್ದು. ಕೋಣೆ 20 ಡಿಗ್ರಿ ಇದ್ದು ತೇವಾಂಶ ಶೇಕಡ 60 ಇದ್ರೆ, ಸುಮಾರು 12 ಡಿಗ್ರಿಗಿಂತ ತಣ್ಣಗಿರೋ ಯಾವ ಜಾಗದ ಮೇಲಾದ್ರೂ ನೀರು ಕೂರುತ್ತೆ. ನಿಮ್ಮ ಬೀರು ಹಿಂದಿನ ಮೂಲೆನೂ ಇದೇ ಕತೆ, ಬೀರುನ ಹೊರಗೋಡೆಯಿಂದ ಒಂದು ಗೇಣು ಮುಂದಕ್ಕೆ ಇಡಿ ಅಥವಾ ಒಳಗಿನ ಗೋಡೆಗೆ ಸಾಗ್ಸಿ.

ಫಾಲ್ಸ್ ಸೀಲಿಂಗ್ ದುಡ್ಡನ್ನ ಇಲ್ಲಿ ಹಾಕಿ. ತಗಡಿನ ಕೆಳಗೆ ಗಾಳಿ ಓಡಾಡೋಕೆ ಸ್ವಲ್ಪ ಜಾಗ ಬಿಟ್ಟು, ಆಮೇಲೆ ದಪ್ಪಗೆ ಮಿನರಲ್ ವೂಲ್ (ಚಳಿ ತಡೆಯೋ ಕಲ್ಲಿನ ನಾರಿನ ಉಣ್ಣೆ), ಅದ್ರ ಕೆಳಗೆ ಅಂದ್ರೆ ಬೆಚ್ಚಗಿರೋ ಕಡೆ ಹಬೆ ತಡೆಯೋ ಹಾಳೆ, ಕೊನೆಗೆ ಮರದ ಹಲಗೆ. ಈ ವರಸೆ ಉಲ್ಟಾ ಆದ್ರೆ ಉಣ್ಣೆ ಒದ್ದೆಯಾಗಿ ಕೊಳೆಯುತ್ತೆ, ಕೆಲ್ಸದವ್ರ ಪಕ್ಕದಲ್ಲೇ ನಿಂತ್ಕೊಂಡು ನೋಡಿ. ಇದೊಂದು ಆದ್ರೆ ಮಳೆ ಸದ್ದೂ ಎಷ್ಟೋ ಕಮ್ಮಿ ಆಗುತ್ತೆ, ತಗಡಿನ ಮೇಲೆ ಜೋರು ಮಳೆ ಹೊಡೆದ್ರೆ ಹೊಸಬ್ರಿಗೆ ನಿದ್ದೆ ಬರಲ್ಲ.

ಹಲಗೆ ತಂದ ದಿನವೇ ಹೊಡೀಬೇಡಿ, ಎರಡು ವಾರ ಅದೇ ಕೋಣೆಲಿ ಜೋಡಿಸಿಟ್ಟು ಅಲ್ಲಿನ ಗಾಳಿಗೆ ಒಗ್ಗಿಸಿ, ಇಲ್ಲಾಂದ್ರೆ ಆಮೇಲೆ ಸಂದು ಬಿಡುತ್ತೆ. ಹಳೇ ಮರನೆಲ್ಲ ಕಿತ್ತು ಬಿಸಾಕೋಕೆ ಹೋಗ್ಬೇಡಿ, ಉಳಿ ತುದಿಯಿಂದ ಚುಚ್ಚಿ ನೋಡಿ, ಗಟ್ಟಿ ಇದ್ರೆ ತಿಕ್ಕಿ ಅಗಸೆ ಎಣ್ಣೆ ಕುಡಿಸಿ. ಆದ್ರೆ ಆ ಎಣ್ಣೆ ಒರೆಸಿದ ಬಟ್ಟೆನ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ಅದು ತಾನೇ ಬಿಸಿಯಾಗಿ ಹೊತ್ಕೊಳ್ಳುತ್ತೆ. ಬಿಡಿಸಿ ಹೊರಗೆ ಹರವಿ ಒಣಗಿಸಿ, ಇಲ್ಲ ನೀರಲ್ಲಿ ಮುಳುಗಿಸಿಡಿ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಸ್ಟವ್ ಹಾಕ್ಸಿ, ಅದ್ರಂಥ ಸುಖ ಇಲ್ಲ. ಚಿಮಣಿ ಚಾವಣಿಯಿಂದ ಕನಿಷ್ಠ 3 ಅಡಿ ಮೇಲೆ ಬರ್ಲಿ, ಸುತ್ತ 10 ಅಡಿಯಲ್ಲಿರೋ ಎಲ್ಲದಕ್ಕಿಂತ 2 ಅಡಿ ಎತ್ತರ ಇರ್ಲಿ, ಇಲ್ಲಾಂದ್ರೆ ಗಾಳಿ ಹೊಗೆನ ಒಳಕ್ಕೆ ತಳ್ಳುತ್ತೆ. ಸೌದೆ ತೇವ ಶೇಕಡ 20ಕ್ಕಿಂತ ಕಮ್ಮಿ ಇರ್ಬೇಕು, ಹಸಿ ಸೌದೆ ಹೊಗೆಯಿಂದ ಚಿಮಣಿ ಒಳಗೆ ಟಾರ್ ಕಟ್ಟುತ್ತೆ, ಅದಕ್ಕೇ ಬೆಂಕಿ ಹತ್ತೋದು. ಅತಿಥಿಗಳು ಬರೋ ಮುಂಚೆ ಒಣ ಸೌದೆ ನೀವೇ ಜೋಡಿಸಿಡಿ.

ಸುಣ್ಣದಗೋಡೆ:

ಹಬೆ ತಡೆಯೋ ಹಾಳೆ ಚಾವಣಿಗೆ ಸರಿ, ಅದೇ ಉತ್ಸಾಹದಲ್ಲಿ ಕಲ್ಲಿನ ಗೋಡೆಗೂ ಹಾಳೆ ಹೊಡೆದು ಮರ ಮುಚ್ಬೇಡಿ. ವಾಲ್‌ಪೇಪರ್ ಕೂಡ ಬೇಡ, ಮನಸ್ಸಿಗೆ ಬೇಜಾರಾದ್ರೂ ಬಿಟ್ಬಿಡಿ. ಸಿಮೆಂಟ್ ಕೆರೆದು ಸುಣ್ಣದ ಗಾರೆ, ಅದ್ರ ಮೇಲೆ ಸುಣ್ಣದ ಬಣ್ಣ. ಹಿಂದಿನ ಮಣ್ಣು ತೆಗೆದ್ಮೇಲೂ ಗೋಡೆ ಒಣಗೋಕೆ ತಿಂಗಳುಗಟ್ಟಲೆ ಬೇಕು. ಉತ್ತರದ ಕೋಣೆನ ಈ ಸಲ ಅತಿಥಿಗಳಿಗೆ ಕೊಡ್ದೇ ಇದ್ರೆ ಒಳ್ಳೇದು, ಎರಡೇ ಕೋಣೆಲಿ ಶುರು ಮಾಡಿ.

ನೂಲುಹುಂಡೆ:

ಎಲ್ರೂ ಗೋಡೆ ಚಾವಣಿ ಹೇಳಿದ್ರು, ನಾನು ನಿಮ್ಮ ಹೆಂಡತಿ ಪರವಾಗಿ ಬಂದೆ. ಅಲಂಕಾರ ಬೇಡ ಅಂತಲ್ಲ, ಆ ಮನೆಗೆ ಬೇಕಾಗಿರೋ ಅಲಂಕಾರ ಬೇರೆ. ಕಿಟಕಿ ಆಚೆ ಕಣಿವೆ ಇರೋವಾಗ ಒಳಗೆ ಕಣ್ಣು ಎಳೆಯೋದು ಜಾಸ್ತಿ ಬೇಡ. ಹಾಲ್‌ನಲ್ಲಿ ಕಿಟಕಿ ಪಕ್ಕ ಇಬ್ರು ಕಾಲು ಚಾಚಿ ಕೂರೋಷ್ಟು ಅಗಲದ ಕಟ್ಟೆ ಮಾಡ್ಸಿ, ಮೇಲೆ ದಪ್ಪ ದಿಂಬು, ಕೈಗೆ ಸಿಗೋ ಹಾಗೆ ಒಂದು ದೀಪ. ಬರೋರೆಲ್ಲ ಅಲ್ಲೇ ಕೂರ್ತಾರೆ, ಸೋಫಾ ಖಾಲಿ ಇರುತ್ತೆ ನೋಡ್ತಿರಿ.

ದೀಪ ಎಲ್ಲ 2700 ಕೆಲ್ವಿನ್ ಹಳದಿ ಬೆಳಕಿಂದೇ ತಗೊಳ್ಳಿ, ಚಾವಣಿ ನಡುವೆ ಒಂದು ದೊಡ್ಡ ಬಿಳೀ ಲೈಟ್ ಹಾಕೋದಕ್ಕಿಂತ ಮೂಲೆ ಮೂಲೆಲಿ ಸಣ್ಣ ಸಣ್ಣದು ಇದ್ರೆ ಕೋಣೆ ಬೆಚ್ಚಗೆ ಕಾಣುತ್ತೆ. ಹೊರಗಿನ ದೀಪ ಕೆಳಮುಖವಾಗಿರ್ಲಿ, ನಕ್ಷತ್ರ ನೋಡೋಕೇ ಅಂತ ಬರೋರು ಇರ್ತಾರೆ. ಪರದೆಗೆ ಒಳಪದರ ಹೊಲಿಸಿ, ಎತ್ತರ ಹೆಚ್ಚಾದ ಹಾಗೆ ಪ್ರತಿ 1000 ಮೀಟರ್‌ಗೆ ನೇರಳಾತೀತ ಕಿರಣ ಸುಮಾರು ಶೇಕಡ 10 ಜಾಸ್ತಿ ಆಗುತ್ತೆ, ಗಾಢ ಬಣ್ಣದ ಬಟ್ಟೆ ಬೇಗ ಮಾಸುತ್ತೆ.

ಹಾಸಿಗೆ ವಿಷ್ಯದಲ್ಲಿ ಮಾತ್ರ ಕೈ ಬಿಗಿ ಮಾಡ್ಬೇಡಿ. ಒದ್ದೆ ಹಿಡಿದ ಹಳೇ ಹಾಸಿಗೆ ಎಲ್ಲಾ ತೆಗೆದುಬಿಡಿ, ಬಿಸಿಲಿಗೆ ಹಾಕಿದ್ರೂ ವಾಸನೆ ಹೋಗಲ್ಲ. ಮಂಚದ ತಳ ಹಲಗೆ ಮುಚ್ಚಿದ್ದಲ್ಲ, ಪಟ್ಟಿ ಪಟ್ಟಿ ಇರೋದು, ಕೆಳಗಿಂದ ಗಾಳಿ ಆಡ್ಬೇಕು. ಪ್ರತಿ ಹಾಸಿಗೆಗೆ ಮೂರು ಜೊತೆ ಬಟ್ಟೆ: ಒಂದು ಹಾಸಿಗೆ ಮೇಲೆ, ಒಂದು ಒಗೆಯೋಕೆ, ಒಂದು ಬೀರುಲಿ, ಯಾಕಂದ್ರೆ ಮಂಜು ಕವಿದ್ರೆ ಬಟ್ಟೆ ಮೂರು ದಿನ ಆದ್ರೂ ಒಣಗಲ್ಲ. ಒಂದು ದಪ್ಪ ರಜಾಯಿ ಕೊಡೋದಕ್ಕಿಂತ ಎರಡು ತೆಳು ಕಂಬಳಿ ಕೊಡಿ, ಬೇಕಾದೋರು ಒಂದು ತೆಗೀತಾರೆ.

ಮತ್ತೆ ಆ ಮನೇಲಿ ಅಜ್ಜನ ಕಾಲದ ಸಾಮಾನು ಏನೇನಿದೆ ಅಂತ ನೀವು ಬರೀಲೇ ಇಲ್ಲ. ಅದರಲ್ಲಿ ನಾಲ್ಕು ಆರಿಸಿ ಒರೆಸಿ ಇಟ್ರೆ ಸಾಕು, ಅಂಗಡಿಯಿಂದ ಗೋಡೆಗೆ ಚಿತ್ರ ತರೋದೇ ಬೇಡ.

ಮಂಜಿನಮನೆ:

ಇದನ್ನ ಹೆಂಡ್ತಿಗೆ ಓದಿ ಹೇಳಿದೆ. ವಾಲ್‌ಪೇಪರ್ ಬಿಡೋಕೆ ಅವಳಿಗೆ ಬೇಜಾರೇ ಆಯ್ತು, ಆದ್ರೆ ಕಿಟಕಿ ಕಟ್ಟೆ ಅಂದ ತಕ್ಷಣ ಕಾಗದ ತಗೊಂಡು ಅಳತೆ ಬರೆಯೋಕೆ ಕೂತ್ಲು. ಅಜ್ಜನ ಸಾಮಾನಲ್ಲಿ ಒಂದು ದೊಡ್ಡ ಮರದ ಪೆಟ್ಟಿಗೆ, ಎರಡು ಲಾಟೀನು, ಅವರು ದಿನಾ ಕೂರ್ತಿದ್ದ ಒರಗು ಕುರ್ಚಿ ಇದೆ, ಕುರ್ಚಿಯ ಹೆಣಿಗೆ ಮಾತ್ರ ಹರಿದಿದೆ.

ಹಿಂದಿನ ಮಣ್ಣು ತೆಗೆಯೋಕೆ ಸೋಮವಾರ ಜನ ಬರ್ತಾರೆ, ಮಳೆ ಶುರುವಾಗೋ ಮುಂಚೆ ಕಾಲುವೆ ಮುಗೀಬೇಕು. ಉತ್ತರದ ಕೋಣೆ ಈ ವರ್ಷ ಕೊಡಲ್ಲ, ಅಲ್ಲಿ ಹಲಗೆ ಜೋಡಿಸಿಡ್ಬಹುದಲ್ವಾ ಅಂತ ಕೇಳೋಣ ಅನ್ಕೊಂಡೆ.

ಉಳಿಸುತ್ತಿಗೆ:

ಅಯ್ಯೋ ಆ ಕೋಣೆಲಿ ಬೇಡ, ಅದು ಒದ್ದೆ! ಹಾಲ್‌ನಲ್ಲೇ ಇಡಿ, ಹಲಗೆ ಹಲಗೆ ನಡುವೆ ತೆಳು ಪಟ್ಟಿ ಕೊಟ್ಟು. ಕುರ್ಚಿ ಹೆಣಿಗೆ ಫೋಟೋ ಹಾಕಿ, ಯಾವ ಥರ ಹೆಣೆದಿದ್ದು ಅಂತ ನೋಡಿ ಹೇಳ್ತೀನಿ.