ಪೆರೂಜಾದಲ್ಲಿ ಒಂದು ಸೆಮಿಸ್ಟರ್: ಇದ್ದು ಬಂದವರು ಹೇಳಿ

ಪ್ರಶ್ನೆ:
ಸೆಪ್ಟೆಂಬರ್‌ನಲ್ಲಿ ಒಂದು ಸೆಮಿಸ್ಟರ್ ಓದಲು ಇಟಲಿಯ ಪೆರೂಜಾಗೆ ಹೊರಟಿದ್ದೇನೆ. ಊರು ಮೈಸೂರು. ಮನೆ ಬಿಟ್ಟು ಇಷ್ಟು ದೂರ ಹೋಗುತ್ತಿರುವುದು ಇದೇ ಮೊದಲು. ಮಾಂಸ, ಮೊಟ್ಟೆ ತಿನ್ನುವುದಿಲ್ಲ. ಮನೆ ಎಲ್ಲಿ ಹಿಡಿಯಲಿ? ಹೋದ ತಕ್ಷಣ ಏನು ಮಾಡಬೇಕು? ಅಮ್ಮ ಕುಕ್ಕರ್ ತಗೊಂಡು ಹೋಗು ಅಂತಿದ್ದಾರೆ, ಹೊತ್ತುಕೊಂಡು ಹೋಗಲಾ?

ಮೊದಲ ಉತ್ತರ:
ಮ್ಯಾಪಿನಲ್ಲಿ ‘ಕ್ಲಾಸಿಗೆ 400 ಮೀಟರ್’ ಅಂತ ಕಂಡರೆ ಹಿಗ್ಗಬೇಡಿ. ಪೆರೂಜಾ ಗುಡ್ಡದ ಮೇಲಿನ ಊರು. ಆ 400 ಮೀಟರ್ ಪೂರ್ತಿ ಮೆಟ್ಟಿಲೇ ಇರಬಹುದು. ಮನೆ ಮಾಲೀಕರನ್ನು ಕೇಳಬೇಕಾದ್ದು ದೂರ ಅಲ್ಲ, ಎತ್ತರ. ಎಷ್ಟನೇ ಮಹಡಿ, ಲಿಫ್ಟ್ ಇದೆಯಾ, ಬಾಗಿಲ ತನಕ ಟ್ಯಾಕ್ಸಿ ಬರುತ್ತಾ? ಹಳೇ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲದ್ದೇ ಜಾಸ್ತಿ. ಎಟ್ರಸ್ಕನ್ ಕಮಾನಿನ ಆಚೆ, ಕೋರ್ಸೊ ಗರಿಬಾಲ್ದಿ ಬೀದಿ ಕಡೆ ವಿದ್ಯಾರ್ಥಿಗಳು ಹೆಚ್ಚು. ಅದೂ ಏರುದಾರಿಯೇ.

ರೈಲಿನಲ್ಲಿ ಬಂದರೆ ಫೋಂತಿವೆಜ್ಜೆ ನಿಲ್ದಾಣ ಕೆಳಗಿದೆ. ಅಲ್ಲಿಂದ ಮಿನಿಮೆಟ್ರೊ ಹತ್ತಿ. ಚಾಲಕನಿಲ್ಲದ, ಕೇಬಲ್ ಎಳೆಯುವ ಪುಟ್ಟ ಬೋಗಿ, 2008ರಿಂದ ಓಡುತ್ತಿದೆ. ರಾತ್ರಿ ಮಾತ್ರ ಬೇಗ ನಿಲ್ಲುತ್ತದೆ, ನೆನಪಿರಲಿ. ನನ್ನ ಕೇಳಿದರೆ ಊರಿಗೆ ಬರಲು ರೈಲಿಗಿಂತ ಬಸ್ಸೇ ಚೆಂದ. ಬಸ್ಸು ಪಿಯಾತ್ಸಾ ಪಾರ್ತಿಜಾನಿಯಲ್ಲಿ ಇಳಿಸುತ್ತದೆ, ಅಲ್ಲಿಂದ ಎಸ್ಕಲೇಟರ್. ಅದು ರೋಕ್ಕಾ ಪಾವೊಲಿನಾ ಕೋಟೆಯ ಒಳಗಿಂದಲೇ ಮೇಲೆ ಹೋಗುತ್ತದೆ. 1540ರಲ್ಲಿ ಉಪ್ಪಿನ ಸುಂಕಕ್ಕೆ ಊರವರು ತಿರುಗಿಬಿದ್ದರು. ಪೋಪ್ ಮೂರನೇ ಪೌಲ್ ಅವರನ್ನು ಬಗ್ಗುಬಡಿದು, ಬಾಲ್ಯೋನಿ ಮನೆತನದ ಕೇರಿಯ ಮೇಲೇ ಈ ಕೋಟೆ ಕಟ್ಟಿಸಿದ. ಸೂಟ್‌ಕೇಸ್ ಹಿಡಿದು ಹೋಗುವಾಗ ಆ ಹಳೇ ಬೀದಿ, ಮನೆಗಳ ಬಾಗಿಲು ಚಾವಣಿಯ ಕೆಳಗೆ ಹಾಗೇ ನಿಂತಿರುವುದು ಕಾಣುತ್ತದೆ.

ಎರಡನೇ ಉತ್ತರ:
ಕಾಗದಪತ್ರದ ವಿಷಯ ಮೊದಲು ಮುಗಿಸಿ. ಓದಿಗೆ 90 ದಿನಕ್ಕಿಂತ ಜಾಸ್ತಿ ಇರುವವರು ಇಳಿದ 8 ಕೆಲಸದ ದಿನಗಳೊಳಗೆ ಪೆರ್ಮೆಸ್ಸೊ, ಅಂದರೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅರ್ಜಿಯ ಕಿಟ್ ಅಂಚೆ ಕಚೇರಿಯಲ್ಲಿ ಸಿಗುತ್ತದೆ. ‘ಸ್ಪೊರ್ತೆಲ್ಲೊ ಅಮಿಕೊ’ ಕೌಂಟರ್ ಇರುವ ಕಚೇರಿಗೇ ಹೋಗಿ. ಅರ್ಜಿಗೆ ಬೇಕಾದ 16 ಯೂರೊದ ರೆವೆನ್ಯೂ ಸ್ಟಾಂಪ್ ಮಾತ್ರ ಅಂಚೆ ಕಚೇರಿಯಲ್ಲಲ್ಲ, ‘ಟಿ’ ಬೋರ್ಡಿನ ತಂಬಾಕಿನ ಅಂಗಡಿಯಲ್ಲಿ ತರಬೇಕು. ಎಲ್ಲ ಸೇರಿ ನೂರು ಯೂರೊ ದಾಟುತ್ತದೆ. ಪಾಸ್‌ಪೋರ್ಟ್, ವೀಸಾ, ಪ್ರವೇಶ ಪತ್ರ, ವಿಮೆ, ಎಲ್ಲದರ ಜೆರಾಕ್ಸ್ ಊರಲ್ಲೇ ಮಾಡಿಸಿಕೊಂಡು ಹೋಗಿ.

ಪರವಾನಗಿ ಕಾರ್ಡ್ ಕೈಗೆ ಬರಲು ತಿಂಗಳುಗಟ್ಟಲೆ ಆಗುತ್ತದೆ. ನನ್ನ ಜೊತೆಗಿದ್ದ ಹುಡುಗಿ ಅದು ಬರುವ ಮೊದಲೇ ಊರಿಗೆ ವಾಪಸಾದಳು. ಅಂಚೆಯ ರಸೀದಿ ಜೋಪಾನ, ಅದೇ ನಿಮ್ಮ ದಾಖಲೆ. ವೀಸಾ ಮುಗಿದು ಬರೀ ರಸೀದಿ ಉಳಿದಿದ್ದರೆ ಪ್ಯಾರಿಸ್, ಬಾರ್ಸಿಲೋನಾ ಅಂತ ಹೊರಡಬೇಡಿ. ತೆರಿಗೆ ಕಚೇರಿಯಲ್ಲಿ ಕೊಡುವ ಕೋಡಿಚೆ ಫಿಸ್ಕಾಲೆ ಸಂಖ್ಯೆಗೆ ದುಡ್ಡಿಲ್ಲ. ಬಾಡಿಗೆ ಕರಾರಿಗೆ ಅದು ಬೇಕೇ ಬೇಕು.

ಮೂರನೇ ಉತ್ತರ:
ಅಮ್ಮ ಹೇಳಿದ್ದು ಸರಿ ತಂಗಿ, ಕುಕ್ಕರ್ ತಗೊಂಡು ಹೋಗು. ಆದರೆ ಒಲೆ ಗ್ಯಾಸಾ ಇಂಡಕ್ಷನ್ನಾ ಅಂತ ಮೊದಲು ಕೇಳು. ಇಂಡಕ್ಷನ್ ಆದರೆ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗಲ್ಲ. ನಮ್ಮ ಮಿಕ್ಸಿಯ ದಪ್ಪ ಮೂರು ಪಿನ್ ಅಲ್ಲಿನ ಸಾಕೆಟ್ಟಿಗೆ ಹೋಗಲ್ಲ, ಅಡಾಪ್ಟರ್ ಇಟ್ಟುಕೋ. ಇನ್ನೊಂದು, ಅಲ್ಲಿ ಹೆಚ್ಚಿನ ಮನೆಗಳಿಗೆ ಕರೆಂಟ್ ಸಂಪರ್ಕ 3 ಕಿಲೋವ್ಯಾಟ್ ಅಷ್ಟೇ. ವಾಷಿಂಗ್ ಮಷೀನ್, ಓವನ್, ಕೆಟಲ್ ಒಟ್ಟಿಗೆ ಹಾಕಿದರೆ ಟಪ್ ಅಂತ ಹೋಗುತ್ತದೆ. ನಮ್ಮ ಮನೆಯ ಮೀಟರ್ ನೆಲಮಹಡಿಯಲ್ಲಿತ್ತು. ಸಾರು ಒಲೆ ಮೇಲೆ ಬಿಟ್ಟು, ಮೊಬೈಲ್ ಟಾರ್ಚ್ ಹಿಡಿದು ನಾಲ್ಕು ಮಹಡಿ ಇಳಿದು ಸ್ವಿಚ್ ಎತ್ತಿ ಬರಬೇಕಿತ್ತು.

ಅಕ್ಕಿಗೆ ರಿಸೊತ್ತೊ ಅಕ್ಕಿ ತರಬೇಡ, ಅನ್ನ ಮುದ್ದೆಯಾಗುತ್ತದೆ. ‘ಪಾರ್ಬಾಯಿಲ್ಡ್’ ಅಂತ ಬರೆದದ್ದು ನೋಡು. ಮೊಸರಿನ ಡಬ್ಬಿಯ ಮೇಲೆ ‘ತ್ಸುಕ್ಕೆರೊ’ ಇದ್ದರೆ ಸಕ್ಕರೆ ಹಾಕಿದ್ದು. ಅದರಲ್ಲಿ ಮೊಸರನ್ನ ಕಲಸಿದರೆ ದೇವರೇ ಗತಿ.

ನಾಲ್ಕನೇ ಉತ್ತರ:
ಕುಕ್ಕರ್ ಬೇಡ ಅನ್ನುವ ಪೈಕಿ ನಾನು. ಬೇಯಿಸಿದ ಕಡಲೆ, ಬೀನ್ಸ್ ಗಾಜಿನ ಬಾಟಲಿಯಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತವೆ. ಸುಮ್ನೆ ಯಾಕೆ ಭಾರ? ಆ ಜಾಗದಲ್ಲಿ ಸಾರಿನ ಪುಡಿ, ಹುಣಸೆಹಣ್ಣು ತುಂಬಿಸಿ.

ಹೊರಗೆ ತಿನ್ನುವಾಗ ಹುಷಾರು. ಪೆರೂಜಾ ಇರುವ ಉಂಬ್ರಿಯಾ ಹಂದಿಮಾಂಸಕ್ಕೆ ಹೆಸರಾದ ಸೀಮೆ. ಮಾಂಸ ಬೇಡ ಅಂದರೆ ಸಾಲದು, ಪ್ರೊಶುತ್ತೊ (ಉಪ್ಪು ಹಾಕಿ ಒಣಗಿಸಿದ ಹಂದಿಮಾಂಸ) ಕೂಡ ಬೇಡ ಅಂತ ಬಿಡಿಸಿ ಹೇಳಿ. ಹಸಿ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಅಲ್ಲಿನ ಸ್ತ್ರಂಗೋತ್ಸಿ ಪಾಸ್ತಾ ಬರೀ ಹಿಟ್ಟು, ನೀರಿನದು, ಆದರೂ ಕೇಳಿಯೇ ತಿನ್ನಿ. ಪಾರ್ಮಿಜಾನೊ ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಮನೆಯಲ್ಲಿ ಮಡಿ ಜಾಸ್ತಿ ಇದ್ದರೆ ಗೊತ್ತಿರಲಿ. ತೋರ್ತಾ ಅಲ್ ತೆಸ್ತೊ ಅಂತ ದಪ್ಪ ರೊಟ್ಟಿಯಂಥದ್ದು ಸಿಗುತ್ತದೆ. ಸೊಪ್ಪಿನ ಪಲ್ಯ, ಚೀಸ್ ತುಂಬಿಸಿ ಕೊಡುತ್ತಾರೆ. ಕೆಲವರು ಹಿಟ್ಟಿಗೆ ಹಂದಿಕೊಬ್ಬು ಹಾಕುತ್ತಾರೆ, ಅದನ್ನೂ ಕೇಳಿ. ಬ್ರೆಡ್ಡಿಗೆ ಉಪ್ಪೇ ಇರಲ್ಲ. ಮೇಲೆ ಒಬ್ಬರು ಹೇಳಿದ ಆ ಉಪ್ಪಿನ ಜಗಳದ ಸಿಟ್ಟಿಗೇ ಬಿಟ್ಟದ್ದು ಅಂತ ಊರವರ ಕಥೆ. ನಿಜವೋ ಸುಳ್ಳೋ, ಉಪ್ಪಿನಕಾಯಿ ಜೊತೆ ಚೆನ್ನಾಗಿ ಹೋಗುತ್ತದೆ.

ಸ್ವೆಟರ್ ಸೂಟ್‌ಕೇಸಿನ ತಳಕ್ಕೆ ಹಾಕಬೇಡಿ. ಅಲ್ಲಿ ಮನೆ ಬಿಸಿ ಮಾಡುವ ಹೀಟಿಂಗ್‌ಗೂ ಕಾನೂನಿನ ತಾರೀಖಿದೆ. ಪೆರೂಜಾದಲ್ಲಿ ಅಕ್ಟೋಬರ್ 15ಕ್ಕೆ ಶುರು. ಕಲ್ಲಿನ ಮನೆಗಳು ಅದಕ್ಕೆ ಮೊದಲೇ ಥಂಡಿ ಹಿಡಿಯುತ್ತವೆ.