ಮರೆತುಹೋದ ರೊಮ್ಯಾಂಟಿಕ್ ಪಿಯಾನೋ ಕನ್ಚೆರ್ಟೊಗಳು: ಹೊಸ ರೆಕಾರ್ಡಿಂಗ್‌ಗಳಲ್ಲಿ ಯಾವುದರಿಂದ ಶುರು ಮಾಡ್ಲಿ?

ಮಂದ್ರ:

ಎಲ್ಲರಿಗೂ ನಮಸ್ಕಾರ. ಪಿಯಾನೋ ಕನ್ಚೆರ್ಟೊ (ಒಂಟಿ ಪಿಯಾನೋ ಮತ್ತು ಆರ್ಕೆಸ್ಟ್ರಾ ಸೇರಿ ನುಡಿಸೋ ಕೃತಿ) ಅಂದ್ರೆ ನನಗೆ ಶೂಮನ್, ಗ್ರೀಗ್, ಚೈಕೋವ್ಸ್ಕಿಯ ಮೊದಲನೇದು, ರಹ್ಮಾನಿನೋವ್‌ನ ಎರಡು ಮತ್ತು ಮೂರು. ವರ್ಷಗಟ್ಟಲೆ ಇವನ್ನೇ ತಿರುಗಾಮುರುಗಾ ಕೇಳಿ ಬಾಯಿಪಾಠ ಆಗೋಗಿದೆ. 2023ರಲ್ಲಿ ಹೈಪೀರಿಯನ್ ರೆಕಾರ್ಡಿಂಗ್ ಕಂಪನಿಯ ಆಲ್ಬಂಗಳು ಸ್ಟ್ರೀಮಿಂಗ್‌ಗೆ ಬರೋಕೆ ಶುರುವಾದ ಮೇಲೆ ಅವರ ರೊಮ್ಯಾಂಟಿಕ್ (ಹೆಚ್ಚಾಗಿ 19ನೇ ಶತಮಾನದ) ಪಿಯಾನೋ ಕನ್ಚೆರ್ಟೊ ಸರಣಿ ಕಣ್ಣಿಗೆ ಬಿತ್ತು. ಎಂಬತ್ತಕ್ಕೂ ಹೆಚ್ಚು ಸಂಪುಟ! ಅರ್ಧದಷ್ಟು ಹೆಸರು ನಾನು ಕೇಳೇ ಇಲ್ಲ.

ಉತ್ಸಾಹದಲ್ಲಿ ಕಾಲ್ಕ್‌ಬ್ರೆನರ್, ಹೆರ್ಟ್ಸ್, ಮೊಶೆಲೆಸ್ ಅನ್ನೋ ಮೂವರು ಸಂಯೋಜಕರ ಕನ್ಚೆರ್ಟೊಗಳನ್ನ ಸಾಲಾಗಿ ಹಾಕ್ಕೊಂಡು ಕೂತೆ. ಕೊನೆಗೆ ಯಾವುದು ಯಾರದ್ದು ಅಂತ ಹೇಳೋಕೆ ಆಗ್ಲಿಲ್ಲ. ಆರ್ಕೆಸ್ಟ್ರಾ ಒಂದಿಷ್ಟು ಗದ್ದಲ ಮಾಡತ್ತೆ, ಸುಮ್ಮನಾಗತ್ತೆ, ಆಮೇಲೆ ಪಿಯಾನೋ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓಡ್ತಾನೇ ಇರತ್ತೆ.

ಎರಡು ಪ್ರಶ್ನೆ. ಇವುಗಳಲ್ಲಿ ನಿಜಕ್ಕೂ ಕೇಳಬೇಕಾದ್ದು ಯಾವುದು? ಹಳೇ ಎಲ್‌ಪಿ (ಗ್ರಾಮಫೋನ್ ತಟ್ಟೆ) ಕಾಲದಲ್ಲೇ ಇವುಗಳಲ್ಲಿ ಎಷ್ಟೋ ಬಂದಿದ್ವಂತೆ, ಹಾಗಿದ್ರೆ ಹೊಸ ರೆಕಾರ್ಡಿಂಗ್‌ನಿಂದ ಏನು ಸಿಗತ್ತೆ?

ಹಳೇತಟ್ಟೆ:

ಆ ಮೂರನ್ನೂ ಒಂದೇ ಏಟಿಗೆ ಕೇಳಿದ್ರೆ ಯಾರಿಗಾದ್ರೂ ತಲೆ ಗಿರ್ ಅನ್ನತ್ತೆ ಮಂದ್ರ ಅವರೇ. ಎಂಬತ್ತು ಸಂಪುಟ ಇದೆ ಅಂತ ಕ್ರಮವಾಗಿ ಕೇಳ್ತಾ ಹೋಗೋಕೆ ಅದೇನು ಪಾರಾಯಣ ಅಲ್ಲ.

ನಿಮ್ಮ ಎರಡನೇ ಪ್ರಶ್ನೆ ಮೊದಲು, ಯಾಕಂದ್ರೆ ನನಗೆ ಹೇಳೋದಿರೋದು ಅದರ ಬಗ್ಗೇನೇ. ಈ ಕೃತಿಗಳಿಗೆ "ಎರಡನೇ ದರ್ಜೆ" ಅನ್ನೋ ಹಣೆಪಟ್ಟಿ ಅಂಟಿದ್ರಲ್ಲಿ ಕೃತಿಗಳ ಪಾಲು ಎಷ್ಟೋ, ನಮಗೆ ಸಿಕ್ಕ ರೆಕಾರ್ಡಿಂಗ್‌ಗಳ ಪಾಲೂ ಅಷ್ಟೇ ಇದೆ. 1960ರ ದಶಕದ ಕೊನೆ ಮತ್ತು 70ರ ದಶಕದಲ್ಲಿ ಪಿಯಾನೋ ವಾದಕ ಮೈಕೇಲ್ ಪಾಂಟಿ ವಾಕ್ಸ್ ಕಂಪನಿಗೆ ಇಂಥ ಕನ್ಚೆರ್ಟೊಗಳನ್ನ ರಾಶಿ ರಾಶಿ ನುಡಿಸಿದ್ರು. ಆ ಮನುಷ್ಯನಿಗೆ ದೊಡ್ಡ ನಮಸ್ಕಾರ, ಬೆರಳು ಬೆಂಕಿ. ಅವರು ನುಡಿಸದೇ ಇದ್ದಿದ್ರೆ ನಮ್ಮ ತಲೆಮಾರಿಗೆ ಇವುಗಳ ಹೆಸರೇ ಗೊತ್ತಾಗ್ತಿರಲಿಲ್ಲ. ಆದ್ರೆ ಜೊತೆಗಿರೋ ಆರ್ಕೆಸ್ಟ್ರಾ ಕೇಳಿ. ಎಷ್ಟೋ ಕಡೆ ವಯಲಿನ್‌ಗಳು ಬಡಕಲು, ಶ್ರುತಿ ಅತ್ತಿತ್ತ, ರಿಹರ್ಸಲ್ ಸಾಲದು ಅಂತ ಕಿವಿಗೇ ಗೊತ್ತಾಗತ್ತೆ. ಪಿಯಾನೋ ಮುಖಕ್ಕೆ ರಾಚೋ ಹಾಗೆ ಮುಂದಿರತ್ತೆ. ಹೀಗೆ ಕೇಳಿದವರಿಗೆಲ್ಲ "ಬರೀ ಬೆರಳ ಕಸರತ್ತು" ಅನ್ನಿಸಿದ್ರೆ ಆಶ್ಚರ್ಯ ಏನು?

ಹೆನ್ಸೆಲ್ಟ್‌ನ ಎಫ್ ಮೈನರ್ ಕನ್ಚೆರ್ಟೊ, ಓಪಸ್ 16 ತಗೊಳ್ಳಿ (ಎಫ್ ಮೈನರ್ ಅನ್ನೋದು ಕೃತಿಯ ಆಧಾರ ಸ್ವರಶ್ರೇಣಿ, ಓಪಸ್ ಅನ್ನೋದು ಕೃತಿಯ ಸಂಖ್ಯೆ). ಹೆನ್ಸೆಲ್ಟ್‌ಗೆ ವೇದಿಕೆ ಅಂದ್ರೆ ಭಯ. ಅಷ್ಟು ದೊಡ್ಡ ಪಿಯಾನೋ ವಾದಕ ಚಿಕ್ಕ ವಯಸ್ಸಲ್ಲೇ ಕಛೇರಿ ಬಿಟ್ಟು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪಾಠ ಹೇಳ್ಕೊಂಡು ಕಾಲ ಕಳೆದ. ಈ ಕನ್ಚೆರ್ಟೊದಲ್ಲಿ ಕೈ ಹರಿದುಹೋಗುವಷ್ಟು ಅಗಲದ ಸ್ವರಗುಚ್ಛಗಳಿವೆ. ಕಷ್ಟ ಭಯಂಕರ, ಆದ್ರೆ ಕೇಳೋರಿಗೆ ಅದು ಸಾಹಸದ ಹಾಗೆ ಕಾಣಲ್ಲ. ಪಾಪ, ನುಡಿಸೋರು ಬೆವರು ಸುರಿಸಬೇಕು, ಚಪ್ಪಾಳೆ ಮಾತ್ರ ಕಮ್ಮಿ. ಮಾರ್ಕ್-ಆಂಡ್ರೆ ಹ್ಯಾಮ್ಲಿನ್ ಇದನ್ನ ಹೈಪೀರಿಯನ್ ಸರಣಿಗೆ ನುಡಿಸಿದಾಗ ಕೈಗೆ ಬಿದ್ದ ಆ ಭಾರ ಮಾಯವಾಗಿ ರಾಗ ಮೇಲೆ ಬಂತು. ಇತ್ತೀಚೆಗೆ ಪಾಲ್ ವೀ ಇದನ್ನ ಬ್ರಾನ್ಸಾರ್ಟ್‌ನ ಎಫ್-ಶಾರ್ಪ್ ಮೈನರ್ ಜೊತೆ ಬಿಐಎಸ್ ಕಂಪನಿಗೆ ರೆಕಾರ್ಡ್ ಮಾಡಿದಾರೆ, ಸ್ವೀಡಿಷ್ ಚೇಂಬರ್ ಆರ್ಕೆಸ್ಟ್ರಾ ಜೊತೆ. (ವೀ ಹೊಟ್ಟೆಪಾಡಿಗೆ ಲಂಡನ್‌ನಲ್ಲಿ ವಕೀಲರು. ನಮ್ಮಂಥವರು ಇದನ್ನ ಓದಿ ಪಿಯಾನೋ ಮುಚ್ಚಿಡಬೇಕು ಅಷ್ಟೇ.) ಆರ್ಕೆಸ್ಟ್ರಾ ಚಿಕ್ಕದು, ಅದರಿಂದ ಪಿಯಾನೋ ಬೆನ್ನ ಹಿಂದೆ ಇಷ್ಟು ದಿನ ಹೂತುಹೋಗಿದ್ದ ಕ್ಲಾರಿನೆಟ್, ಬಸ್ಸೂನ್ ಥರದ ಊದುವಾದ್ಯಗಳು ಮಾತಾಡೋಕೆ ಶುರು ಮಾಡ್ತವೆ. ನಡುವಿನ ನಿಧಾನದ ಲಾರ್ಗೆಟ್ಟೊ ಭಾಗದಲ್ಲಿ, ರಾಗ ಸುಖವಾಗಿ ಹೋಗ್ತಿದ್ದದ್ದು ಇದ್ದಕ್ಕಿದ್ದಂತೆ ಕಪ್ಪಾಗಿ ಕೆಳಗಿನ ಸ್ವರಗಳು ಗುಡುಗುವ ಜಾಗ ಇದೆ. ರಹ್ಮಾನಿನೋವ್‌ನ ಸಿ-ಶಾರ್ಪ್ ಮೈನರ್ ಪ್ರಿಲ್ಯೂಡ್ ಗೊತ್ತಿದ್ರೆ ಬೆಚ್ಚಿಬೀಳ್ತೀರಿ.

ಐಎಂಎಸ್‌ಎಲ್‌ಪಿ ಅನ್ನೋ ವೆಬ್‌ಸೈಟ್‌ನಲ್ಲಿ ಇವುಗಳ ಸ್ಕೋರ್ (ಎಲ್ಲಾ ವಾದ್ಯಗಳ ಸ್ವರಲಿಪಿ) ಉಚಿತವಾಗಿ ಸಿಗತ್ತೆ. ಓದೋಕೆ ಬರಲ್ಲ ಅಂದ್ರೂ ತೆರೆದಿಟ್ಟು ನೋಡಿ, ಆರ್ಕೆಸ್ಟ್ರಾ ಸಾಲುಗಳು ಎಲ್ಲೆಲ್ಲಿ ಖಾಲಿ, ಎಲ್ಲೆಲ್ಲಿ ತುಂಬಿವೆ ಅನ್ನೋದು ಕಣ್ಣಿಗೇ ಕಾಣತ್ತೆ.

ಶುರು ಮಾಡೋಕೆ ಒಂದೇ ಒಂದು ಹೇಳಿ ಅಂದ್ರೆ, ಶಾರ್ವೆಂಕಾನ ಮೊದಲ ಕನ್ಚೆರ್ಟೊ, ಬಿ-ಫ್ಲಾಟ್ ಮೈನರ್, ಓಪಸ್ 32. ಇಲ್ಲಿ ಬೇರೆಯಾಗಿ ನಿಧಾನದ ಮೂವ್‌ಮೆಂಟೇ (ಕೃತಿಯ ಭಾಗ) ಇಲ್ಲ. ಅಡಾಜಿಯೊ, ಅಂದ್ರೆ ನಿಧಾನದ ಜಾಗ, ಮೊದಲ ಮೂವ್‌ಮೆಂಟ್‌ನ ಹೊಟ್ಟೆಯೊಳಗೇ ಇದೆ, ನಡುವೆ ಬರೋದು ಕುಣಿದಾಡೋ ಸ್ಕೆರ್ಟ್ಸೊ. ನಿಮಗೆ ಚೈಕೋವ್ಸ್ಕಿ ಮೊದಲನೇದು ಇಷ್ಟ ಅಂದ್ರಲ್ಲ, ಇದೂ ಅದೇ ಸ್ವರದಲ್ಲಿ, ಅದೇ 1870ರ ದಶಕದ್ದು. 1969ರಲ್ಲಿ ಅರ್ಲ್ ವೈಲ್ಡ್ ಬಾಸ್ಟನ್ ಸಿಂಫನಿ ಜೊತೆ ನುಡಿಸಿದ್ದು ಹಳೇದರಲ್ಲಿ ಅಪವಾದ, ಇವತ್ತಿಗೂ ಸೊಗಸು. ಅವರ ಗುರು ಸೆಲ್ಮರ್ ಯಾನ್ಸನ್ ಶಾರ್ವೆಂಕಾನ ಶಿಷ್ಯರೇ. ಹೊಸದರಲ್ಲಿ ಹ್ಯಾಮ್ಲಿನ್ ನುಡಿಸಿದ್ದು, ಆಂಟನ್ ರೂಬಿನ್‌ಸ್ಟೈನ್‌ನ ನಾಲ್ಕನೇ ಕನ್ಚೆರ್ಟೊ ಜೊತೆ ಒಂದೇ ಆಲ್ಬಂನಲ್ಲಿದೆ.

ಒಣತರ್ಕ:

ಹಳೇತಟ್ಟೆಯವರ ಉತ್ಸಾಹಕ್ಕೆ ಸ್ವಲ್ಪ ತಣ್ಣೀರು.

ಮರೆತುಹೋದದ್ದೆಲ್ಲ ನಿಧಿ ಅಲ್ಲ ಸ್ವಾಮಿ. ಹೆರ್ಟ್ಸ್ ಪ್ಯಾರಿಸ್‌ನಲ್ಲಿ ಪಿಯಾನೋ ಕಾರ್ಖಾನೆ ಇಟ್ಟಿದ್ದ, 1840ರ ದಶಕದಲ್ಲಿ ಅಮೆರಿಕ ಪೂರ್ತಿ ಸುತ್ತಿ ಕಛೇರಿ ಮಾಡಿದ. ಅವನ ಕನ್ಚೆರ್ಟೊ ಅವನ ಬೆರಳಿಗೆ, ಅವನ ಊರೂರು ಸುತ್ತಾಟಕ್ಕೆ ಹೊಲಿಸಿದ ಅಂಗಿ. ಅವನು ಹೋದ, ಅಂಗಿ ಗೂಟದಲ್ಲಿ ನೇತಾಡ್ತಿದೆ. ಹೊಸ ಮೈಕ್ ಇಟ್ಟ ಮಾತ್ರಕ್ಕೆ ಇಲ್ಲದ ರಾಗ ಹುಟ್ಟಲ್ಲ. ಕಾಲ್ಕ್‌ಬ್ರೆನರ್ ಕಥೆಯೂ ಅಷ್ಟೇ: 1831ರಲ್ಲಿ ಪ್ಯಾರಿಸ್‌ಗೆ ಬಂದ ಶೋಪಾನ್‌ಗೆ ಮೂರು ವರ್ಷ ನನ್ನ ಹತ್ರ ಕಲಿ ಅಂದ. ಹುಡುಗ ಕಲಿಯಲಿಲ್ಲ, ಇ ಮೈನರ್ ಕನ್ಚೆರ್ಟೊ ಅರ್ಪಿಸಿ ಮರ್ಯಾದೆಯಿಂದ ಜಾರಿಕೊಂಡ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ, ಜಾರಿಕೊಂಡಿದ್ದು ಒಳ್ಳೇದೇ ಆಯ್ತು ಅನ್ನಿಸತ್ತೆ.

ಆದ್ರೆ ರೂಬಿನ್‌ಸ್ಟೈನ್‌ನ ನಾಲ್ಕನೇದು, ಡಿ ಮೈನರ್, ಅದಕ್ಕೆ ಮಾತ್ರ ಅನ್ಯಾಯ ಆಗಿದೆ ಅಂತ ಒಪ್ತೀನಿ. ಅದು ಒಂದು ಕಾಲಕ್ಕೆ ಮನೆಮಾತು. 1937ರಲ್ಲಿ ಪಿಯಾನೋ ವಾದಕ ಯೋಸೆಫ್ ಹಾಫ್‌ಮನ್ ಅಮೆರಿಕದಲ್ಲಿ ತನ್ನ ಸುವರ್ಣ ಮಹೋತ್ಸವದ ಕಛೇರಿಗೆ ಆರಿಸಿದ್ದು ಅದನ್ನೇ. ಆ ರೆಕಾರ್ಡಿಂಗ್ ಇದೆ, ಕರಕರ ಸದ್ದಿನ ನಡುವೆಯೂ ಕೂದಲು ನೆಟ್ಟಗಾಗತ್ತೆ. ಹಾಗಾಗಿ "ಹೊಸದೇ ಬೇಕು" ಅನ್ನೋದನ್ನ ನಾನು ನಂಬಲ್ಲ.

ಎಡಗೈ_ಸ್ವರ:

ಎಲ್ಲರೂ ಗಂಡಸರ ಹೆಸರೇ ಹೇಳ್ತಿದೀರಲ್ಲ?

ನಾನು ಪಿಯಾನೋ ಕಲಿಸ್ತೀನಿ. ನನ್ನ ಪ್ರಕಾರ ಹೊಸ ರೆಕಾರ್ಡಿಂಗ್‌ಗಳಿಂದ ಅತಿ ಹೆಚ್ಚು ಲಾಭ ಆಗಿದ್ದು ಕ್ಲಾರಾ ಶೂಮನ್‌ಗೆ. ಎ ಮೈನರ್, ಓಪಸ್ 7. 1835ರಲ್ಲಿ ಲೈಪ್ಜಿಗ್‌ನಲ್ಲಿ ಮೆಂಡೆಲ್ಸನ್ ನಿರ್ದೇಶನದಲ್ಲಿ ಆಕೆಯೇ ನುಡಿಸಿದಾಗ ವಯಸ್ಸು ಹದಿನಾರು. "ಹುಡುಗಿ ಬರೆದದ್ದು" ಅಂತ ಬಹಳ ಕಾಲ ತಳ್ಳಿಹಾಕಿದ್ರು. ನಡುವಿನ ರೊಮಾನ್ಸ್ ಕೇಳಿ. ಇಡೀ ಆರ್ಕೆಸ್ಟ್ರಾ ಬಾಯಿ ಮುಚ್ಕೊಂಡು ಕೂರತ್ತೆ. ಮೊದಲು ಪಿಯಾನೋ ಒಂದೇ ಹಾಡತ್ತೆ. ಆಮೇಲೆ ಒಂಟಿ ಚೆಲ್ಲೊ ಅದೇ ರಾಗ ಎತ್ತಿಕೊಳ್ಳತ್ತೆ, ಪಿಯಾನೋ ಸುತ್ತ ಹೂ ಸುತ್ತಿದ ಹಾಗೆ ಜೊತೆ ಹೋಗತ್ತೆ. ಕೊನೆಗೆ ಟಿಂಪನಿ (ದೊಡ್ಡ ನಗಾರಿ) ಸಣ್ಣಗೆ ಉರುಳೋಕೆ ಶುರುವಾಗಿ ನಿಲ್ಲಿಸದೇ ಮೂರನೇ ಮೂವ್‌ಮೆಂಟ್‌ಗೆ ತಂದು ಬಿಡತ್ತೆ. ಮೂರೂ ಒಂದಕ್ಕೊಂದು ಅಂಟಿಕೊಂಡಿವೆ. ಇಂಥದ್ದನ್ನ ಆ ವಯಸ್ಸಲ್ಲಿ ಯೋಚಿಸಿದ್ದೇ ದೊಡ್ಡದು.

ಇಸಾಟಾ ಕನ್ನೆ-ಮೇಸನ್ 2019ರಲ್ಲಿ, ಬಿಯಾಟ್ರಿಸ್ ರಾನಾ 2023ರಲ್ಲಿ ಇದನ್ನ ಹೊರತಂದ್ರು. ರಾನಾ ಆಲ್ಬಂನಲ್ಲಿ ಕ್ಲಾರಾಳ ಗಂಡ ರಾಬರ್ಟ್ ಶೂಮನ್‌ನ ಎ ಮೈನರ್ ಕನ್ಚೆರ್ಟೊ ಕೂಡ ಇದೆ. ನನ್ನ ಓಟು ರಾನಾಗೆ, ಮೊದಲ ಮೂವ್‌ಮೆಂಟ್‌ನ ಆಕ್ಟೇವ್‌ಗಳಲ್ಲಿ (ಒಂದೇ ಸ್ವರದ ಮೇಲಿನ-ಕೆಳಗಿನ ಜೋಡಿ) ಸದ್ದು ಮಾಡದೇ ಬಿಗುವು ತರ್ತಾರೆ.

ಒಣತರ್ಕ ಅವರಿಗೆ: ಅಮೆರಿಕದ ಸಂಯೋಜಕಿ ಏಮಿ ಬೀಚ್ ಕೂಡ 1900ರಲ್ಲಿ ತನ್ನ ಸಿ-ಶಾರ್ಪ್ ಮೈನರ್ ಕನ್ಚೆರ್ಟೊವನ್ನ ಬಾಸ್ಟನ್ ಸಿಂಫನಿ ಜೊತೆ ತಾನೇ ನುಡಿಸಿದ್ದು. ಸ್ವಂತಕ್ಕೆ ಬರೆದದ್ದೆಲ್ಲ ಗೂಟಕ್ಕೆ ಹಾಕೋ ಅಂಗಿ ಅಂದ್ರೆ ಮೊಜಾರ್ಟ್‌ನನ್ನೂ ನೇತುಹಾಕಬೇಕಾಗತ್ತೆ. ಡ್ಯಾನಿ ಡ್ರೈವರ್ ನುಡಿಸಿದ್ದು ಕೇಳಿ ಆಮೇಲೆ ಜಗಳಕ್ಕೆ ಬನ್ನಿ.

ಒಣತರ್ಕ:

ಮೊಜಾರ್ಟ್ ಮಾತು ಸರಿ, ಅಂಗಿ ವಾಪಸ್ ತಗೊಂಡೆ. ಹೆರ್ಟ್ಸ್ ಮಾತ್ರ ಅಲ್ಲೇ ಇರಲಿ.

ಮಂದ್ರ:

ಕ್ಲಾರಾ ಕೇಳಿದೆ, ಶಾರ್ವೆಂಕಾ ಕೇಳಿದೆ. ಶಾರ್ವೆಂಕಾದ ಸ್ಕೆರ್ಟ್ಸೊ ತಲೆಯಿಂದ ಹೋಗ್ತಾನೇ ಇಲ್ಲ, ಕೆಲಸದ ಮಧ್ಯೆ ಮೇಜು ಕುಟ್ತಾ ಇದೀನಿ. ರಾನಾ ಆಲ್ಬಂನ ಚೆಲ್ಲೊ ಜಾಗ ನೀವು ಹೇಳಿದ ಹಾಗೇ ಇದೆ, ಎಡಗೈ ಅವರೇ.

ಸ್ಕೆರ್ಟ್ಸೊ ಅಂದಾಗ ನೆನಪಾಯ್ತು. ಲಿಟಾಲ್ಫ್ ಅಂತ ಒಬ್ಬರ ಸ್ಕೆರ್ಟ್ಸೊ ಒಂದು ಎಲ್ಲಾ "ಜನಪ್ರಿಯ ಪಿಯಾನೋ" ಸಂಗ್ರಹದಲ್ಲೂ ಇರತ್ತೆ. ಅದರ ಪೂರ್ತಿ ಕೃತಿ ಇದೆಯಾ? ಇನ್ನೊಂದು, ಚೈಕೋವ್ಸ್ಕಿಯ ಎರಡನೇ ಕನ್ಚೆರ್ಟೊ ಹುಡುಕಿದ್ರೆ ಒಂದೊಂದು ಕಡೆ ಒಂದೊಂದು ಉದ್ದ ತೋರಿಸತ್ತೆ. ಯಾಕೆ?

ಹಳೇತಟ್ಟೆ:

ಇದೆ. ಅದು ಅವನ ನಾಲ್ಕನೇ "ಕನ್ಚೆರ್ಟೊ ಸಿಂಫೋನಿಕ್", ಡಿ ಮೈನರ್, ಓಪಸ್ 102. ಐದರಲ್ಲಿ ಮೊದಲನೇದು ಕಳೆದುಹೋಗಿದೆ. ಹೆಸರೇ ಹೇಳೋ ಹಾಗೆ ಸಿಂಫನಿ ಥರ ನಾಲ್ಕು ಮೂವ್‌ಮೆಂಟ್. ಬ್ರಾಮ್ಸ್ ತನ್ನ ಎರಡನೇದರಲ್ಲಿ ಹೀಗೆ ಮಾಡೋದಕ್ಕಿಂತ ಎಷ್ಟೋ ಮೊದಲೇ ಇವನು ಮಾಡಿದ್ದ. ಲಿಸ್ಟ್ ತನ್ನ ಮೊದಲ ಕನ್ಚೆರ್ಟೊವನ್ನ ಅರ್ಪಿಸಿದ್ದು ಇವನಿಗೇ. ಹೈಪೀರಿಯನ್‌ನಲ್ಲಿ ಪೀಟರ್ ಡೊನೊಹೊ ಎರಡು ಮತ್ತು ನಾಲ್ಕನ್ನ ಒಟ್ಟಿಗೆ ನುಡಿಸಿದಾರೆ. ನಿಜ ಹೇಳ್ಬೇಕಂದ್ರೆ ನಾಲ್ಕನೇದರ ಕೊನೇ ಮೂವ್‌ಮೆಂಟ್ ಸ್ವಲ್ಪ ಎಳೆತ, ಆದ್ರೆ ಸ್ಕೆರ್ಟ್ಸೊ ಆದ ಮೇಲೆ ಬರೋ ನಿಧಾನದ ಭಾಗ ಗೊತ್ತಿಲ್ಲದೇ ಉಳಿದಿದ್ದು ನಮ್ಮ ದುರದೃಷ್ಟ.

ಚೈಕೋವ್ಸ್ಕಿ ಎರಡನೇದರ ಗೊಂದಲಕ್ಕೆ ಕಾರಣ ಅವನ ಶಿಷ್ಯ ಸಿಲೋಟಿ. ನಿಧಾನದ ಮೂವ್‌ಮೆಂಟ್‌ನಲ್ಲಿ ಪಿಯಾನೋ ಜೊತೆ ಒಂಟಿ ವಯಲಿನ್, ಒಂಟಿ ಚೆಲ್ಲೊಗೂ ದೊಡ್ಡ ಪಾತ್ರ ಇದೆ. ಮೂವರು ಕೂತು ಮಾತಾಡಿದ ಹಾಗೆ. ಸಿಲೋಟಿ ಅದಕ್ಕೆ ಕತ್ತರಿ ಹಾಕಿದ, ಚೈಕೋವ್ಸ್ಕಿ ಒಪ್ಪದಿದ್ರೂ ಅವನು ತೀರಿಕೊಂಡ ಮೇಲೆ ಆ ರೂಪವೇ ಅಚ್ಚಾಗಿ ದಶಕಗಟ್ಟಲೆ ಓಡ್ತು. ಪಿಯಾನೋ ಕನ್ಚೆರ್ಟೊದಲ್ಲಿ ಪಿಯಾನೋ ಸುಮ್ಮನೆ ಕೂರಬಾರದು ಅನ್ನೋ ಹಠ, ಇನ್ನೇನು. ಹಾಗಾಗಿ ನಿಧಾನದ ಮೂವ್‌ಮೆಂಟ್ ತೀರಾ ಚಿಕ್ಕದಾಗಿ ಕಂಡ್ರೆ ಅದು ಸಿಲೋಟಿ ರೂಪ. ಸ್ಟೀಫನ್ ಹಫ್ 2010ರ ಆಲ್ಬಂನಲ್ಲಿ ಮೂಲವನ್ನೂ ಕೊಟ್ಟು, ಹೆಚ್ಚುವರಿ ಟ್ರ್ಯಾಕ್‌ಗಳಾಗಿ ಸಿಲೋಟಿ ರೂಪ ಮತ್ತು ತಮ್ಮದೇ ಒಂದು ರೂಪ ಸೇರಿಸಿದಾರೆ. ಡೊನೊಹೊ 1980ರ ದಶಕದಲ್ಲಿ ನುಡಿಸಿದ್ದು ಕತ್ತರಿ ಇಲ್ಲದ್ದು, ಅದರಲ್ಲಿ ವಯಲಿನ್ ನೈಜೆಲ್ ಕೆನಡಿ, ಚೆಲ್ಲೊ ಸ್ಟೀವನ್ ಇಸ್ಸರ್ಲಿಸ್. ಮೊದಲು ಅದನ್ನೇ ಹಾಕಿ.

ಆಮೇಲೆ ಪುರುಸೊತ್ತಾದಾಗ ಮೊಶ್ಕೊವ್ಸ್ಕಿ. 1898ರ ಇ ಮೇಜರ್ ಹೈಪೀರಿಯನ್ ಸರಣಿಯ ಮೊದಲ ಸಂಪುಟದಲ್ಲೇ ಇದೆ, ಪಿಯರ್ಸ್ ಲೇನ್ ನುಡಿಸಿದ್ದು. ಅದಕ್ಕೂ ಮೊದಲು, ಇಪ್ಪತ್ತರ ವಯಸ್ಸಲ್ಲಿ ಬರೆದ ಬಿ ಮೈನರ್ ಒಂದಿದೆ. ಹಸ್ತಪ್ರತಿ ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಬಿದ್ದಿತ್ತು, 2014ರವರೆಗೂ ಅದು ವೇದಿಕೆ ಹತ್ತಿರಲಿಲ್ಲ. ಲುಡ್ಮಿಲ್ ಆಂಗೆಲೊವ್ ನುಡಿಸಿದ್ದು 64ನೇ ಸಂಪುಟ. ಉದ್ದ ಜಾಸ್ತಿ, ಹುಡುಗುತನ ಇದೆ, ಒಣತರ್ಕ ಅವರು ಖಂಡಿತ ಬೈತಾರೆ. ಇ ಮೇಜರ್ ಹಿಡಿಸಿದ್ರೆ ಮಾತ್ರ ಆ ಕಡೆ ಹೋಗಿ.