ಮನೆಮಂದಿಗೆಲ್ಲ ಹೊಟ್ಟೆ ತುಂಬುವ ಸೂಪ್: ನಿಮ್ಮ ಪ್ರಶ್ನೆ, ಬಾಣಸಿಗರ ಉತ್ತರ

ಪ್ರಶ್ನೆ: ಮೇಡಂ, ನಮ್ಮ ಮನೆಯಲ್ಲಿ ಆರು ಜನ. ವಾರಕ್ಕೊಮ್ಮೆ ದೊಡ್ಡ ಪಾತ್ರೆಯಲ್ಲಿ ಸೂಪ್ ಮಾಡಿ ರಾತ್ರಿ ಊಟ ಅದರಲ್ಲೇ ಮುಗಿಸೋಣ ಅಂದುಕೊಳ್ಳುತ್ತೇನೆ. ಈರುಳ್ಳಿ, ಕ್ಯಾರೆಟ್, ಆಲೂಗಡ್ಡೆ, ಟೊಮೆಟೊ, ಒಂದು ಹಿಡಿ ಬೇಳೆ, ಎಲ್ಲ ಒಟ್ಟಿಗೆ ಹಾಕಿ ಪಾತ್ರೆ ತುಂಬ ನೀರು ಹೊಯ್ದು ಕುದಿಸುತ್ತೇನೆ. ಕ್ಯಾರೆಟ್ ಬೆಂದಿರುತ್ತದೆ, ಬೇಳೆ ಮಾತ್ರ ಗಟ್ಟಿ. ರುಚಿ ಸಪ್ಪೆ. ಉಪ್ಪು ಜಾಸ್ತಿ ಹಾಕಿದರೆ ಬರೀ ಉಪ್ಪುಪ್ಪು. ಕುಡಿದು ಸ್ವಲ್ಪ ಹೊತ್ತಿಗೇ ಮಕ್ಕಳಿಗೆ ಮತ್ತೆ ಹಸಿವು. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ಸಾಮಾನು ಸರಿಯಾಗಿಯೇ ಇದೆ. ಹಾಕುವ ಸರದಿ ತಪ್ಪಿದೆ, ನೀರು ಜಾಸ್ತಿಯಾಗಿದೆ.

ಮೊದಲು ದಪ್ಪ ತಳದ ಪಾತ್ರೆಗೆ ಎಣ್ಣೆ ಹಾಕಿ ಈರುಳ್ಳಿ, ಕ್ಯಾರೆಟ್ ಮಾತ್ರ ಬಾಡಿಸಿ. ಚಿಟಿಕೆ ಉಪ್ಪು, ಸಣ್ಣ ಉರಿ, ಹತ್ತು ಹದಿನೈದು ನಿಮಿಷ. ಕಿವಿ ಕೊಟ್ಟು ಕೇಳಿ. ಮೊದಲು ಚುರುಚುರು ಜೋರಾಗಿರುತ್ತದೆ, ಅದು ತರಕಾರಿಯ ನೀರು ಹಾರುವ ಸದ್ದು. ಆಮೇಲೆ ಸದ್ದು ಇಳಿಯುತ್ತದೆ, ಈರುಳ್ಳಿಯ ಘಾಟು ಹೋಗಿ ಸಿಹಿ ವಾಸನೆ ಬರುತ್ತದೆ, ತಳದಲ್ಲಿ ತೆಳ್ಳಗೆ ಕಂದು ಪದರ ಕಟ್ಟುತ್ತದೆ. ನಿಮ್ಮ ಸೂಪಿಗೆ ಬೇಕಾದ ರುಚಿ ಆ ಪದರದಲ್ಲಿದೆ. ಒಂದು ಸೌಟು ನೀರು ಹಾಕಿ ಮರದ ಸೌಟಿನಿಂದ ಉಜ್ಜಿದರೆ ಎಲ್ಲ ಬಿಟ್ಟುಕೊಂಡು ಬರುತ್ತದೆ. ಕಪ್ಪಾಗಿದ್ದರೆ ಮಾತ್ರ ಮುಟ್ಟಬೇಡಿ, ಮೇಲಿನದನ್ನು ಬೇರೆ ಪಾತ್ರೆಗೆ ಹಾಕಿಕೊಳ್ಳಿ.

ಇದನ್ನು ನೀರು ಹೊಯ್ಯುವ ಮುಂಚೆಯೇ ಮಾಡಬೇಕು. ನೀರು ಎಷ್ಟು ಕುದಿಸಿದರೂ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಹುರಿದ ರುಚಿ ಚೆನ್ನಾಗಿ ಬರಲು ಸುಮಾರು 140 ಡಿಗ್ರಿ ಬೇಕು. ನೀರು ಬಿದ್ದ ಮೇಲೆ ಆ ಅವಕಾಶ ಮುಗಿಯಿತು.

ಈಗ ಬೇಳೆ. ಆರು ಜನರ ಊಟಕ್ಕೆ ಒಂದು ಹಿಡಿ ಏನೂ ಸಾಲದು, ಮಕ್ಕಳಿಗೆ ಬೇಗ ಹಸಿವಾಗುವುದು ಅದಕ್ಕೇ. 250ರಿಂದ 300 ಗ್ರಾಂ ಹಾಕಿ, ಒಂದೂವರೆ ಲೀಟರ್ ನೀರಿನಿಂದ ಶುರು ಮಾಡಿ. ಗಟ್ಟಿಯಾದರೆ ಬಿಸಿನೀರು ಸೇರಿಸುವುದು ಸುಲಭ. ನೀರಾದದ್ದನ್ನು ಬತ್ತಿಸುತ್ತಾ ಕೂತರೆ ತರಕಾರಿ ಕರಗಿಹೋಗುತ್ತದೆ.

ಬೇಳೆ ಬೇಯದಿರುವುದಕ್ಕೆ ನನ್ನ ಮೊದಲ ಅನುಮಾನ ಟೊಮೆಟೊ ಮೇಲೆ. ಕಾಳು, ತರಕಾರಿಯ ಜೀವಕೋಶಗಳನ್ನು ಹಿಡಿದಿಡುವ ಪೆಕ್ಟಿನ್ ಕರಗಿದರೆ ಅವು ಮೆತ್ತಗಾಗುತ್ತವೆ. ಹುಳಿ ಇದ್ದರೆ ಅದು ಬೇಗ ಕರಗುವುದಿಲ್ಲ. ಬೇಳೆ ಬೆರಳಲ್ಲಿ ಹಿಸುಕಿದರೆ ನುಣ್ಣಗಾಗುವಷ್ಟು ಬೆಂದ ಮೇಲೆ ಟೊಮೆಟೊ ಹಾಕಿ. ಆಲೂಗಡ್ಡೆಗೂ ಇದೇ ಮಾತು, ಅದೂ ಟೊಮೆಟೊಗಿಂತ ಮುಂಚೆಯೇ ಬೇಯಲಿ. ಸೊಪ್ಪು ಇದ್ದರೆ ಕೊನೆಗೆ, ಎರಡು ಮೂರು ನಿಮಿಷ ಸಾಕು.

ಮಂದ ಮಾಡುವುದಕ್ಕೆ ಕಾರ್ನ್‌ಫ್ಲೋರ್ ಬೇಡ. ಎರಡು ಸೌಟು ಸೂಪ್ ತೆಗೆದು ಮಸೆದು ವಾಪಸ್ ಹಾಕಿ. ಕೊನೆಯಲ್ಲಿ ಉಪ್ಪು ನೋಡಿ. ಉಪ್ಪು ಸರಿಯಿದ್ದೂ ಸಪ್ಪೆ ಅನ್ನಿಸಿದರೆ ಒಂದು ಬಟ್ಟಲಿಗೆ ಸ್ವಲ್ಪ ಹಾಕಿಕೊಂಡು ನಾಲ್ಕು ಹನಿ ನಿಂಬೆರಸ ಹಿಂಡಿ ಕುಡಿದು ನೋಡಿ. ಬಹಳ ಸಲ ಬೇಕಾಗಿರುವುದು ಹುಳಿ. ನಾವು ಸುಮ್ನೆ ಉಪ್ಪು ಸುರಿಯುತ್ತಾ ಹೋಗುತ್ತೇವೆ, ಅಲ್ವಾ?

ಪ್ರಶ್ನೆ: ನಾವು ಮಾಂಸ ತಿನ್ನುವುದಿಲ್ಲ. ಮೂಳೆ ಹಾಕಿದ ಸೂಪಿಗೆ ಇರುವಂಥ ಗಟ್ಟಿ ರುಚಿ ಬರೀ ತರಕಾರಿಯಲ್ಲಿ ಬರುತ್ತದಾ?

ಉತ್ತರ: ಬರುತ್ತದೆ. ಅಣಬೆಯನ್ನು ಕಂದಾಗುವವರೆಗೆ ಹುರಿದು ಹಾಕಿ. ಟೊಮೆಟೊ ಪೇಸ್ಟ್ ಇದ್ದರೆ ಎಣ್ಣೆಯಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುವವರೆಗೆ ಬಾಡಿಸಿ. ಎರಡರಲ್ಲೂ ಆ ಗಟ್ಟಿ ರುಚಿ ಕೊಡುವ ಗ್ಲುಟಮೇಟ್ ಎಂಬ ಅಂಶ ಇದೆ. ಉಪ್ಪು, ಹುಳಿ, ಸಿಹಿ, ಕಹಿ ಬಿಟ್ಟು ಇನ್ನೊಂದು ರುಚಿ ಇದೆ ಎಂದು 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಎ ಇಕೆಡಾ ತೋರಿಸಿದ್ದು ಇದರಿಂದಲೇ. ಅವರು ಅದನ್ನು ತೆಗೆದದ್ದು ಸೂಪಿಗೆ ಹಾಕುವ ಕಡಲಪಾಚಿಯಿಂದ, ಮಾಂಸದಿಂದಲ್ಲ.

ಪ್ರಶ್ನೆ: ಕೋಳಿ ಮೂಳೆ ಸೂಪ್ ಮಾಡಿ ಸೋಸಿ ಫ್ರಿಜ್‌ನಲ್ಲಿಟ್ಟಿದ್ದೆ. ಬೆಳಗ್ಗೆ ನೋಡಿದರೆ ಜೆಲ್ಲಿ ಥರ ಅಲ್ಲಾಡುತ್ತಿತ್ತು. ಕೆಟ್ಟಿದೆ ಅಂತ ಚೆಲ್ಲಿಬಿಟ್ಟೆ. ಇನ್ನೊಂದು, ನನ್ನದು ಯಾವಾಗಲೂ ಕದಡಿದ ನೀರಿನ ಹಾಗೆ ಕಾಣುತ್ತದೆ.

ಉತ್ತರ: ಅಯ್ಯೋ, ಚೆಲ್ಲಬಾರದಿತ್ತು! ಚರ್ಮ, ಕೀಲುಗಳಲ್ಲಿರುವ ಕೊಲಾಜೆನ್ ನಿಧಾನವಾಗಿ ಜೆಲಟಿನ್ ಆಗುತ್ತದೆ, ಅದೇ ತಣ್ಣಗಾದಾಗ ಹಾಗೆ ಕಟ್ಟುತ್ತದೆ. ಕೆಟ್ಟ ವಾಸನೆ ಇಲ್ಲದೆ ಬರೀ ಅಲ್ಲಾಡುತ್ತಿದ್ದರೆ ಅದು ಒಳ್ಳೆ ಸೂಪು. ಬಿಸಿ ಮಾಡಿದರೆ ಮತ್ತೆ ನೀರಾಗುತ್ತದೆ, ಬಾಯಲ್ಲಿ ತುಟಿಗೆ ಅಂಟುವ ಹಾಗೆ ಇರುತ್ತದೆ.

ಕದಡುವುದು ಜೋರು ಕುದಿಯಿಂದ. ಕುದಿ ಜೋರಾದರೆ ಜಿಡ್ಡು ಒಡೆದು ನೀರಿನಲ್ಲೇ ಬೆರೆತುಹೋಗುತ್ತದೆ. ತಣ್ಣೀರಿನಿಂದ ಶುರು ಮಾಡಿ, ಮೇಲೆ ಬರುವ ಬೂದು ನೊರೆ ತೆಗೆಯಿರಿ. ಆಮೇಲೆ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟು ಉರಿ ಇಟ್ಟು ಮೂರು ನಾಲ್ಕು ಗಂಟೆ ಬಿಡಿ. ಮುಚ್ಚಳ ಪೂರ್ತಿ ಮುಚ್ಚಬೇಡಿ.

ಪ್ರಶ್ನೆ: ಉಪ್ಪು ಜಾಸ್ತಿಯಾದರೆ ಆಲೂಗಡ್ಡೆ ಹಾಕಿದರೆ ಎಳೆದುಕೊಳ್ಳುತ್ತದಂತೆ, ನಿಜವಾ?

ಉತ್ತರ: ಆಲೂಗಡ್ಡೆ ಉಪ್ಪುನೀರನ್ನು ಕುಡಿಯುತ್ತದೆ, ಉಪ್ಪನ್ನು ಮಾತ್ರ ಆರಿಸಿಕೊಳ್ಳುವುದಿಲ್ಲ. ಮಿಕ್ಕ ಸೂಪು ಅಷ್ಟೇ ಉಪ್ಪಾಗಿರುತ್ತದೆ. ಉಪ್ಪಿಲ್ಲದ ಬೆಂದ ಬೇಳೆ, ತರಕಾರಿ, ನೀರು ಸೇರಿಸಿ ಹೆಚ್ಚು ಮಾಡಿಕೊಳ್ಳಿ, ಬೇರೆ ದಾರಿ ಇಲ್ಲ.

ಪ್ರಶ್ನೆ: ಟೊಮೆಟೊ ಸೂಪಿಗೆ ಹಾಲು ಹಾಕಿದರೆ ಒಡೆಯುತ್ತದೆ. ಮಿಕ್ಸಿಗೆ ಹಾಕಿದರೆ ಮುಚ್ಚಳ ಹಾರಿ ಗೋಡೆಯೆಲ್ಲ ಕೆಂಪು.

ಉತ್ತರ: ಹುಳಿ ಮತ್ತು ಬಿಸಿ ಸೇರಿದರೆ ಹಾಲಿನ ಪ್ರೋಟೀನ್ ಗಂಟು ಕಟ್ಟುತ್ತದೆ. ಹಾಲಿನ ಬದಲು ಕೆನೆ ಹಾಕಿ, ಅದರಲ್ಲಿ ಕೊಬ್ಬು ಜಾಸ್ತಿ, ಪ್ರೋಟೀನ್ ಕಡಿಮೆ. ಉರಿ ಆರಿಸಿ, ಒಂದು ಸೌಟು ಬಿಸಿ ಸೂಪನ್ನು ಕೆನೆಗೆ ಬೆರೆಸಿ, ಆಮೇಲೆ ಪಾತ್ರೆಗೆ ಹಾಕಿ. ಮತ್ತೆ ಕುದಿಸಬೇಡಿ.

ಮಿಕ್ಸಿಯಲ್ಲಿ ಬಿಸಿ ಸೂಪು ಅಪಾಯ. ಆವಿಗೆ ಹೋಗಲು ಜಾಗ ಇಲ್ಲದಿದ್ದರೆ ಮುಚ್ಚಳ ಹಾರಲೇಬೇಕು. ಸೂಪು ಆರಲು ಬಿಟ್ಟು ಆಮೇಲೆ ರುಬ್ಬಿ. ಇಲ್ಲವೇ ಪಾತ್ರೆಯೊಳಗೇ ಆಡಿಸುವ ಹ್ಯಾಂಡ್ ಬ್ಲೆಂಡರ್ ಬಳಸಿ. ಆಲೂಗಡ್ಡೆ ಇರುವ ಸೂಪನ್ನು ತುಂಬ ಹೊತ್ತು ರುಬ್ಬಬೇಡಿ, ಗೋಂದಿನ ಹಾಗೆ ಎಳೆಎಳೆ ಬರುತ್ತದೆ.

ಪ್ರಶ್ನೆ: ರಾಜ್ಮಾ ಕಾಳನ್ನು ನೆನೆಸಿ ಹಾಗೇ ಸ್ಲೋ ಕುಕ್ಕರ್‌ಗೆ ಹಾಕಿ ಕೆಲಸಕ್ಕೆ ಹೋಗಬಹುದಾ?

ಉತ್ತರ: ಬೇಡವೇ ಬೇಡ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷದ ಅಂಶವಿದೆ. ಸ್ಲೋ ಕುಕ್ಕರಿನ ಕಡಿಮೆ ಬಿಸಿಗೆ ಅದು ಪೂರ್ತಿ ಹೋಗುವುದಿಲ್ಲ. ಅರೆಬೆಂದ ಕೆಲವೇ ಕಾಳು ತಿಂದರೂ ವಾಂತಿ, ಭೇದಿ ಆಗಬಹುದು. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಜೋರಾಗಿ ಕುದಿಸಿ. ಆಮೇಲೆ ಸ್ಲೋ ಕುಕ್ಕರ್‌ಗೆ ಹಾಕಿ.

ಪ್ರಶ್ನೆ: ರಾತ್ರಿ ಮಿಕ್ಕಿದ ಸೂಪನ್ನು ಒಲೆ ಮೇಲೇ ಬಿಟ್ಟು ಬೆಳಗ್ಗೆ ಕುದಿಸಿ ಅಕ್ಕನ ಮನೆಗೆ, ಪಕ್ಕದ ಮನೆಯವರಿಗೆ ಕೊಡುತ್ತೇನೆ. ನಮ್ಮತ್ತೆ ಕುದಿಸಿದರೆ ಏನೂ ಆಗಲ್ಲ ಅಂತಾರೆ. ಬಿಸಿ ಇರುವಾಗ ಫ್ರಿಜ್‌ನಲ್ಲಿ ಇಡಬಾರದಂತೆ ಬೇರೆ.

ಉತ್ತರ: ಅತ್ತೆಯವರಿಗೆ ಎದುರಾಡಿದ ಹಾಗೆ ಆಗುತ್ತದೆ, ಆದರೂ ಇಲ್ಲಿ ನಾನು ಒಪ್ಪುವುದಿಲ್ಲ. ಕೆಲವು ಬ್ಯಾಕ್ಟೀರಿಯಾಗಳ ಬೀಜಾಣುಗಳು ಕುದಿಸಿದರೂ ಸಾಯುವುದಿಲ್ಲ. ಸೂಪು ಉಗುರುಬೆಚ್ಚಗಾದಾಗ ಅವು ಮೊಳೆತು ರಾತ್ರಿಯೆಲ್ಲ ಹೆಚ್ಚುತ್ತವೆ. ಬ್ಯಾಸಿಲಸ್ ಸೀರಿಯಸ್ ಎಂಬುದು ಬಿಡುವ ಒಂದು ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ವಾಸನೆ, ರುಚಿ ಎಲ್ಲ ಸರಿಯಾಗಿಯೇ ಇರಬಹುದು, ಅದೇ ತೊಂದರೆ.

5ರಿಂದ 60 ಡಿಗ್ರಿ ನಡುವಿನ ಬಿಸಿ ಇವುಗಳಿಗೆ ಇಷ್ಟ. ಅಲ್ಲಿಂದ ಬೇಗ ದಾಟಿಸಬೇಕು. ದೊಡ್ಡ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಬಿಸಿಯಾಗಿಯೇ ಇರುತ್ತದೆ. ಹಾಗಾಗಿ ಊಟ ಆದ ಕೂಡಲೇ ಅಗಲವಾದ ಡಬ್ಬಿಗಳಿಗೆ ನಾಲ್ಕೈದು ಸೆಂಟಿಮೀಟರ್ ಎತ್ತರಕ್ಕೆ ಸುರಿಯಿರಿ. ಬೇಗ ಆಗಬೇಕಾದರೆ ಸಿಂಕಿನಲ್ಲಿ ತಣ್ಣೀರು, ಐಸು ತುಂಬಿ ಅದರಲ್ಲಿ ಪಾತ್ರೆ ಇಟ್ಟು ಸೌಟಾಡಿಸಿ. ಹಬೆ ನಿಂತ ಮೇಲೆ ಫ್ರಿಜ್‌ಗೆ. ಸ್ವಲ್ಪ ಬೆಚ್ಚಗಿದ್ದರೂ ಪರವಾಗಿಲ್ಲ. ದೊಡ್ಡ ಪಾತ್ರೆಯನ್ನು ಕುದಿಕುದಿಯಾಗಿ ಇಟ್ಟರೆ ಪಕ್ಕದಲ್ಲಿರುವ ಹಾಲು, ಮೊಸರು ಬಿಸಿಯಾಗುತ್ತದೆ ಅನ್ನುವುದು ನಿಜ. ಆದರೆ ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬೇಡಿ.

ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ ಇರುತ್ತದೆ. ಫ್ರೀಜರ್‌ನಲ್ಲಿ ಎರಡು ಮೂರು ತಿಂಗಳಾದರೂ ರುಚಿ ಕೆಡುವುದಿಲ್ಲ, ಡಬ್ಬಿ ಮಾತ್ರ ಬಾಯಿತನಕ ತುಂಬಬೇಡಿ, ಹೆಪ್ಪುಗಟ್ಟಿದಾಗ ಸೂಪು ಹಿಗ್ಗುತ್ತದೆ. ಆಲೂಗಡ್ಡೆ ತುಂಡು ಫ್ರೀಜರ್‌ನಲ್ಲಿ ಮರಳುಮರಳಾಗುತ್ತದೆ, ಕೆನೆ ಒಡೆಯುತ್ತದೆ. ಕೆನೆಯನ್ನು, ಸೂಪು ತೆಗೆದುಕೊಂಡವರೇ ಅದನ್ನು ಬಿಸಿ ಮಾಡುವಾಗ ಹಾಕಿಕೊಳ್ಳಲಿ. ಪಾಸ್ತಾ, ಅನ್ನ ಹಾಕುವ ಸೂಪಾದರೆ ಅವನ್ನು ಬೇರೆ ಡಬ್ಬಿಯಲ್ಲಿ ಕೊಡಿ. ಒಟ್ಟಿಗೆ ಇದ್ದರೆ ಬೆಳಗಾಗುವಷ್ಟರಲ್ಲಿ ನೀರೆಲ್ಲ ಕುಡಿದು ಮುದ್ದೆಯಾಗಿರುತ್ತದೆ.

ತಿನ್ನುವಷ್ಟನ್ನು ಮಾತ್ರ ತೆಗೆದು ಬಿಸಿ ಮಾಡಿ, ಎಲ್ಲ ಕಡೆ ಕುದಿ ಬರಲಿ. ಪಕ್ಕದ ಮನೆಗೆ ಕೊಡುವಾಗ ಡಬ್ಬಿ ಮೇಲೆ ಮಾಡಿದ ದಿನಾಂಕ ಬರೆದು, ಹಾಲು, ಗೋಧಿ, ಸೆಲರಿ, ಗೋಡಂಬಿ ಇದ್ದರೆ ಅದನ್ನೂ ಬರೆಯಿರಿ. ಕೆಲವರಿಗೆ ಇವು ಒಗ್ಗುವುದಿಲ್ಲ, ಕೇಳಲು ಸಂಕೋಚ.

ಪ್ರಶ್ನೆ: ಮನೆಯಲ್ಲಿ ಹತ್ತು ತಿಂಗಳ ಕೂಸು, ಬಿಪಿ ಇರುವ ಮಾವ. ಇಬ್ಬರಿಗೂ ಬೇರೆ ಬೇರೆ ಮಾಡಬೇಕಾ?

ಉತ್ತರ: ಬೇಡ. ಬಾಡಿಸುವಾಗ ಹಾಕುವ ಚಿಟಿಕೆ ಉಪ್ಪನ್ನೂ ಬಿಡಿ. ಎಲ್ಲ ಬೆಂದ ಮೇಲೆ ಉಪ್ಪು ಹಾಕುವ ಮುಂಚೆ ಕೂಸಿನ ಪಾಲು ತೆಗೆದು ನುಣ್ಣಗೆ ಮಸೆಯಿರಿ. ಒಂದು ವರ್ಷದ ಒಳಗಿನ ಮಕ್ಕಳ ಊಟಕ್ಕೆ ಉಪ್ಪು ಸೇರಿಸುವುದು ಬೇಡ. ಮಾವನವರ ಪಾಲಿಗೆ ನಿಂಬೆರಸ, ಮೆಣಸಿನ ಪುಡಿ ಹಾಕಿ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಬಿಪಿಗೆ ಎಷ್ಟು ಅನ್ನುವುದನ್ನು ಅವರ ಡಾಕ್ಟರನ್ನೇ ಕೇಳಿ. ಅಂಗಡಿಯ ಸೂಪ್ ಕ್ಯೂಬ್ ಹಾಕುತ್ತಿದ್ದರೆ ಅದರಲ್ಲೇ ಸಾಕಷ್ಟು ಉಪ್ಪಿರುತ್ತದೆ, ಇವರಿಬ್ಬರ ಪಾಲಿಗೆ ಹಾಕಬೇಡಿ.

ಪ್ರಶ್ನೆ: ಮಗಳ ಮಧ್ಯಾಹ್ನದ ಊಟಕ್ಕೆ ಫ್ಲಾಸ್ಕ್‌ನಲ್ಲಿ ಕಳಿಸಿದರೆ ಉಗುರುಬೆಚ್ಚಗಾಗಿರುತ್ತದೆ. ಫ್ಲಾಸ್ಕ್ ಹೊಸದೇ.

ಉತ್ತರ: ಮೊದಲು ಕುದಿಯುವ ನೀರು ತುಂಬಿ ಮುಚ್ಚಿ ಐದು ಹತ್ತು ನಿಮಿಷ ಬಿಡಿ. ಅದನ್ನು ಚೆಲ್ಲಿ, ಕುದಿಯುತ್ತಿರುವ ಸೂಪನ್ನು ಕೂಡಲೇ ಸುರಿದು ಮುಚ್ಚಿ. ಅರ್ಧ ಖಾಲಿ ಬಿಡಬೇಡಿ, ಬೇಗ ಆರುತ್ತದೆ. ಮಂದ ಸೂಪು ತೆಳುವಿಗಿಂತ ಹೆಚ್ಚು ಹೊತ್ತು ಬಿಸಿ ಇರುತ್ತದೆ. ಒಂದು ರಜೆ ದಿನ ಹಾಗೇ ತುಂಬಿಟ್ಟು ಊಟದ ಹೊತ್ತಿಗೆ ಥರ್ಮಾಮೀಟರ್ ಹಾಕಿ ನೋಡಿ. 60 ಡಿಗ್ರಿಗಿಂತ ಕೆಳಗಿದ್ದರೆ ಆ ಫ್ಲಾಸ್ಕ್ ಸೂಪಿಗೆ ಆಗುವುದಿಲ್ಲ. ಕುಡಿಯುವ ಮುಂಚೆ ಬಟ್ಟಲಿಗೆ ಹಾಕಿಕೊಳ್ಳಲು ಮಗಳಿಗೆ ಹೇಳಿ, ಫ್ಲಾಸ್ಕ್‌ನಿಂದ ನೇರ ಕುಡಿದರೆ ನಾಲಿಗೆ ಸುಡುತ್ತದೆ.